ಗಡಿಯಾರಕ್ಕೆ ಸಿಗದ ನಿದ್ದೆ: ಪೈಲಟ್‌ಗಳ ದುಡಿಮೆಗೆ ಮಿತಿ ಬಂದ ಬಗೆ

2024ರ ಜನವರಿ 25ರಂದು ಇಂಡೊನೇಷ್ಯಾದ ಕೆಂಡಾರಿಯಿಂದ ಜಕಾರ್ತಾಕ್ಕೆ 153 ಪ್ರಯಾಣಿಕರನ್ನು ಹೊತ್ತು ಹಾರುತ್ತಿದ್ದ ಬಾಟಿಕ್ ಏರ್ ವಿಮಾನದ ಕಾಕ್‌ಪಿಟ್‌ನಲ್ಲಿ ಸುಮಾರು 28 ನಿಮಿಷಗಳ ಕಾಲ ಯಾರೂ ಎಚ್ಚರವಾಗಿರಲಿಲ್ಲ. ಸ್ವಲ್ಪ ಹೊತ್ತು ಮಲಗುತ್ತೇನೆಂದು ಹೇಳಿದ ಕ್ಯಾಪ್ಟನ್ ವಿಮಾನವನ್ನು ಸಹ-ಪೈಲಟ್‌ಗೆ ಒಪ್ಪಿಸಿದ್ದರು. ನಡುವೆ ಒಮ್ಮೆ ಎಚ್ಚರವಾದಾಗ, ನೀವೂ ಮಲಗುತ್ತೀರಾ ಎಂದು ವಿಚಾರಿಸಿದರು, ಸಹ-ಪೈಲಟ್ ಬೇಡವೆಂದರು. ಕ್ಯಾಪ್ಟನ್ ಮತ್ತೆ ನಿದ್ದೆಗೆ ಜಾರಿದ ಮೇಲೆ ಸಹ-ಪೈಲಟ್‌ಗೂ ಅರಿವಿಲ್ಲದೆ ಕಣ್ಣು ಮುಚ್ಚಿಹೋಯಿತು. ನೆಲದಿಂದ ಬಂದ ರೇಡಿಯೊ ಕರೆಗಳಿಗೆ ಉತ್ತರವಿರಲಿಲ್ಲ. ಕ್ಯಾಪ್ಟನ್ ಕಣ್ಣು ತೆರೆದಾಗ ವಿಮಾನ ತನ್ನ ದಾರಿಯಿಂದ ಸರಿದಿತ್ತು. ಯಾರಿಗೂ ಏನೂ ಆಗದೆ ವಿಮಾನ ಇಳಿಯಿತು. ತನಿಖಾ ವರದಿಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆಯದು: ಆ ಸಹ-ಪೈಲಟ್ ಒಂದು ತಿಂಗಳ ಅವಳಿ ಮಕ್ಕಳ ತಂದೆ. ಹೆಂಡತಿಯ ಜೊತೆ ಮಕ್ಕಳನ್ನು ನೋಡಿಕೊಳ್ಳಲು ಹಲವು ಬಾರಿ ನಿದ್ದೆಯಿಂದ ಎದ್ದಿದ್ದರು; ಮನೆಯನ್ನೂ ಆಗಷ್ಟೇ ಬದಲಾಯಿಸಿದ್ದರು.

ಪೈಲಟ್ ಎಷ್ಟು ಗಂಟೆ ಹಾರಬಹುದು, ಎಷ್ಟು ಗಂಟೆ ವಿಶ್ರಾಂತಿ ಪಡೆಯಬೇಕು ಎಂಬುದಕ್ಕೆ ಸುಮಾರು ತೊಂಬತ್ತು ವರ್ಷಗಳಿಂದ ನಿಯಮಗಳಿವೆ. ಅವುಗಳ ಇತಿಹಾಸವನ್ನು ಓದಿದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ನಿಯಮಗಳು ಅಳೆದದ್ದು ಗಡಿಯಾರದ ಗಂಟೆಗಳನ್ನು; ಅಪಘಾತಗಳ ಹಿಂದೆ ಇದ್ದದ್ದು ಆ ಗಂಟೆಗಳಲ್ಲಿ ಬಾರದೇ ಹೋದ ನಿದ್ದೆ. ನಿದ್ದೆ ಬರುವುದು ಅಥವಾ ಬಾರದಿರುವುದು ಮನುಷ್ಯನ ಮನೆ, ಸಂಬಳ, ವಯಸ್ಸು, ಚಿಂತೆ ಇವೆಲ್ಲಕ್ಕೂ ಅಂಟಿಕೊಂಡ ವಿಷಯವಾದ್ದರಿಂದ, ಪೈಲಟ್‌ನ ಖಾಸಗಿ ಬದುಕನ್ನು ಹೊರಗಿಟ್ಟು ಬರೆದ ಯಾವ ನಿಯಮವೂ ಪೂರ್ತಿ ಕೆಲಸ ಮಾಡಿಲ್ಲ.

ಆರಂಭದ ದಿನಗಳಲ್ಲಿ ನಿದ್ದೆಗೆಡುವುದು ಪೈಲಟ್‌ನ ಧೈರ್ಯದ ಭಾಗವೆಂದೇ ಎಣಿಕೆಯಾಗಿತ್ತು. 1927ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಒಬ್ಬರೇ ಹಾರಿದ ಚಾರ್ಲ್ಸ್ ಲಿಂಡ್‌ಬರ್ಗ್ ಹೊರಡುವ ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ಅದರ ಮೇಲೆ ಮೂವತ್ತಮೂರೂವರೆ ಗಂಟೆಗಳ ಹಾರಾಟ. ಸಾಗರದ ಮೇಲೆ ಅವರು ಹೆಚ್ಚು ಹೋರಾಡಿದ್ದು ಗಾಳಿಯೊಂದಿಗಲ್ಲ, ತಮ್ಮ ರೆಪ್ಪೆಗಳೊಂದಿಗೆ. ಅದಕ್ಕೂ ಮೊದಲು ಅವರು ಅಂಚೆ ವಿಮಾನಗಳ ಪೈಲಟ್ ಆಗಿದ್ದರು. ಹವಾಮಾನ ಹೇಗೇ ಇರಲಿ, ದೇಹ ಹೇಗೇ ಇರಲಿ, ಅಂಚೆಯ ಚೀಲ ತಲುಪಬೇಕೆಂಬುದು ಆ ಕೆಲಸದ ಶಿಸ್ತಾಗಿತ್ತು. ಪ್ರಯಾಣಿಕರ ವಿಮಾನಗಳು ಬಂದಾಗಲೂ ಅದೇ ಶಿಸ್ತು ಮುಂದುವರಿಯಿತು.

ಅದನ್ನು ಮೊದಲು ಪ್ರಶ್ನಿಸಿದವರು ಪೈಲಟ್‌ಗಳೇ. 1931ರಲ್ಲಿ ಡೇವಿಡ್ ಬೆಂಕಿ ಅವರ ಮುಂದಾಳತ್ವದಲ್ಲಿ ಅಮೆರಿಕದಲ್ಲಿ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಹುಟ್ಟಿತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಕಂಪನಿಗಳು ಸಂಬಳ ಇಳಿಸಿ ಹಾರಾಟ ಏರಿಸಲು ಹೊರಟಿದ್ದವು. ವಿವಾದ ರಾಷ್ಟ್ರೀಯ ಕಾರ್ಮಿಕ ಮಂಡಳಿಯ ಮುಂದೆ ಹೋಯಿತು. 1934ರಲ್ಲಿ ಮಂಡಳಿ ನೀಡಿದ 83ನೇ ತೀರ್ಮಾನವು ತಿಂಗಳಿಗೆ 85 ಗಂಟೆಗಳ ಹಾರಾಟವೇ ಗರಿಷ್ಠ ಎಂದು ನಿಗದಿಪಡಿಸಿತು. 1938ರ ನಾಗರಿಕ ವಿಮಾನಯಾನ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಈ ಮಿತಿ ಸಂಬಳದ ಜಗಳದೊಳಗಿಂದ ಹುಟ್ಟಿತೆಂಬುದನ್ನು ನೆನಪಿಡಬೇಕು. ನಿದ್ದೆಯ ವಿಜ್ಞಾನ ಆಗಿನ್ನೂ ಕಣ್ಣು ಬಿಡುತ್ತಿತ್ತು.

ತಿಂಗಳಿಗೆ 85 ಗಂಟೆ ಎಂದಾಗ ಹೊರಗಿನವರಿಗೆ ಅದು ಅರ್ಧ ಕೆಲಸದಂತೆ ಕಾಣುತ್ತದೆ. ಆದರೆ ಹಾರಾಟದ ಗಂಟೆ ಎಂದರೆ ವಿಮಾನ ತನ್ನ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ನಿಂತ ಕ್ಷಣದವರೆಗಿನ ಲೆಕ್ಕ ಮಾತ್ರ. ಅದಕ್ಕೆ ಒಂದು ಗಂಟೆ ಅಥವಾ ಇನ್ನೂ ಮುಂಚೆ ಬಂದು ಹಾಜರಿ ಹಾಕುವುದು, ಹವಾಮಾನ ವರದಿ ಮತ್ತು ಇಂಧನದ ಲೆಕ್ಕ ನೋಡುವುದು, ವಿಮಾನವನ್ನು ಸುತ್ತಿ ಪರೀಕ್ಷಿಸುವುದು, ಎರಡು ಹಾರಾಟಗಳ ನಡುವೆ ಕಾಯುವುದು, ಮಂಜು ಕರಗುವವರೆಗೆ ಕಾಯುವುದು ಇವೆಲ್ಲ ಡ್ಯೂಟಿ, ಹಾರಾಟವಲ್ಲ. ಸ್ಟ್ಯಾಂಡ್‌ಬೈ ಎಂದು ರೋಸ್ಟರ್‌ನಲ್ಲಿ, ಅಂದರೆ ಡ್ಯೂಟಿಯ ಸರದಿ ಪಟ್ಟಿಯಲ್ಲಿ, ಬರೆದಿದ್ದರೆ ಫೋನ್ ಪಕ್ಕದಲ್ಲಿಟ್ಟುಕೊಂಡು, ಸಮವಸ್ತ್ರ ಇಸ್ತ್ರಿ ಮಾಡಿಟ್ಟು, ಬರಬಹುದಾದ ಕರೆಗಾಗಿ ಮನೆಯಲ್ಲೇ ಕುಳಿತಿರಬೇಕು. ಅರ್ಧ ಎಚ್ಚರದಲ್ಲೇ ಇರುವ ಅಂಥ ದಿನದಲ್ಲಿ ಮಗುವಿನ ಶಾಲೆಗೆ ಹೋಗಿಬರುತ್ತೇನೆಂದು ಮಾತು ಕೊಡಲಾಗದು.

1958ರ ಅಕ್ಟೋಬರ್‌ನಲ್ಲಿ ಅಮೆರಿಕದ ಪ್ಯಾನ್ ಆಮ್ ಕಂಪನಿ ಬೋಯಿಂಗ್ 707 ಜೆಟ್ ವಿಮಾನವನ್ನು ಅಟ್ಲಾಂಟಿಕ್ ದಾಟಿಸಲು ಆರಂಭಿಸಿದ ಮೇಲೆ ಈ ಲೆಕ್ಕಾಚಾರದ ತಳಹದಿಯೇ ಅಲುಗಾಡಿತು. ಒಂದೇ ದಿನದಲ್ಲಿ ಐದಾರು ಕಾಲವಲಯಗಳನ್ನು ದಾಟುವ ದೇಹಕ್ಕೆ ಹೋಟೆಲಿನ ಗೋಡೆಯ ಗಡಿಯಾರ ಒಂದು ಸಮಯ ತೋರಿಸಿದರೆ, ಒಳಗಿನ ಗಡಿಯಾರ ಇನ್ನೊಂದನ್ನು ತೋರಿಸುತ್ತದೆ. ಒಳಗಿನದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಅದು ಹೊಂದಿಕೊಳ್ಳುವ ಮೊದಲೇ ವಾಪಸು ಹೊರಡುವ ಸರದಿ ಬಂದಿರುತ್ತದೆ. ಹನ್ನೆರಡು ಗಂಟೆಗಳ ವಿಶ್ರಾಂತಿ ಕೊಟ್ಟಿದ್ದೇವೆ ಎಂದು ಕಾಗದ ಹೇಳಿದರೂ, ಆ ಹನ್ನೆರಡು ಗಂಟೆ ದೇಹದ ಹಗಲಿನಲ್ಲಿ ಬಿದ್ದಿದ್ದರೆ ಪರದೆ ಎಳೆದು ಮಲಗಿದವರಿಗೆ ಹೊರಳಾಟವೇ ಹೆಚ್ಚು.

ಇದನ್ನು ನಿಯಮದ ಭಾಷೆಗೆ ತಂದವರಲ್ಲಿ ಬ್ರಿಟನ್ ಮೊದಲಿನದು. ಯುದ್ಧಕಾಲದ ಹೆಸರಾಂತ ಪೈಲಟ್ ಡಗ್ಲಸ್ ಬೇಡರ್ ಅವರ ಅಧ್ಯಕ್ಷತೆಯ ಸಮಿತಿಯ ಅಧ್ಯಯನದ ನಂತರ 1975ರಲ್ಲಿ ಹೊರಬಂದ ಬ್ರಿಟಿಷ್ ನಿಯಮಾವಳಿಯು ಡ್ಯೂಟಿಯ ಗರಿಷ್ಠ ಅವಧಿಯನ್ನು ಎರಡು ಅಂಶಗಳಿಗೆ ಕಟ್ಟಿಹಾಕಿತು: ಡ್ಯೂಟಿ ದಿನದ ಯಾವ ಹೊತ್ತಿಗೆ ಶುರುವಾಗುತ್ತದೆ ಮತ್ತು ಅದರಲ್ಲಿ ಎಷ್ಟು ಬಾರಿ ಇಳಿದು ಏರಬೇಕಾಗುತ್ತದೆ. ಬೆಳಗಿನ ಎಂಟಕ್ಕೆ ಶುರುವಾದ ಹತ್ತು ಗಂಟೆಯೂ ನಡುರಾತ್ರಿ ಶುರುವಾದ ಹತ್ತು ಗಂಟೆಯೂ ಒಂದೇ ಅಲ್ಲ ಎಂಬ ಸರಳ ಸತ್ಯ ಹೀಗೆ ಕೋಷ್ಟಕಕ್ಕೆ ಇಳಿಯಿತು. ಅಮೆರಿಕ ಅದನ್ನು ಒಪ್ಪಲು ಇನ್ನೂ ನಾಲ್ಕು ದಶಕ ಬೇಕಾಯಿತು. ಈ ವಿಳಂಬವನ್ನು ತಾಂತ್ರಿಕ ಕಾರಣಗಳಿಂದ ಸಮರ್ಥಿಸಿಕೊಳ್ಳಲಾಗದು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಪುರಾವೆ ಅಲ್ಲೇ ಸಿದ್ಧವಾಗುತ್ತಿತ್ತು. 1980ರಿಂದ ನಾಸಾದ ಏಮ್ಸ್ ಸಂಶೋಧನಾ ಕೇಂದ್ರವು ಪೈಲಟ್‌ಗಳ ಬಳಲಿಕೆಯನ್ನು ಅಧ್ಯಯನ ಮಾಡುತ್ತಿತ್ತು. ದೂರದ ಹಾರಾಟದಲ್ಲಿ ಪೈಲಟ್‌ಗಳಿಗೆ ಸರದಿಯಂತೆ 40 ನಿಮಿಷ ಬಿಡುವು ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು: ಅವರು ನಿಜವಾಗಿ ಮಲಗಿದ್ದು ಸರಾಸರಿ 26 ನಿಮಿಷ, ಅಷ್ಟರಿಂದಲೇ ಕಾರ್ಯಕ್ಷಮತೆ ಶೇ 34ರಷ್ಟು ಸುಧಾರಿಸಿತ್ತು.

ಇದರ ಆಧಾರದ ಮೇಲೆ ಯುರೋಪ್, ಕೆನಡಾ ಮೊದಲಾದ ಕಡೆ ಕಾಕ್‌ಪಿಟ್‌ನ ನಿಯಂತ್ರಿತ ವಿಶ್ರಾಂತಿಗೆ ಅನುಮತಿಯಿದೆ. ಕೆಲಸ ಕಡಿಮೆಯಿರುವ ಹೊತ್ತಿನಲ್ಲಿ ಒಬ್ಬರು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಬೆಲ್ಟ್ ಬಿಗಿದುಕೊಂಡು ಮಲಗುತ್ತಾರೆ. ಇನ್ನೊಬ್ಬರು ವಿಮಾನದ ಹೊಣೆ ಹೊತ್ತಿರುತ್ತಾರೆ. ಕ್ಯಾಬಿನ್ ಸಿಬ್ಬಂದಿಗೆ ಮೊದಲೇ ತಿಳಿಸಿರುತ್ತಾರೆ. ಅವರು ನಿಗದಿತ ಹೊತ್ತಿಗೆ ವಿಚಾರಿಸಿಕೊಳ್ಳುತ್ತಾರೆ. ಎದ್ದವರಿಗೆ ಕೂಡಲೇ ಕೆಲಸ ಒಪ್ಪಿಸುವಂತಿಲ್ಲ. ನಿದ್ದೆಯ ಮಂಪರು ಇಳಿಯುವವರೆಗೆ ಕಾಯಬೇಕು. ಅಮೆರಿಕದ ನಿಯಮಗಳು ಮಾತ್ರ ಇದನ್ನು ಇಂದಿಗೂ ಒಪ್ಪಿಲ್ಲ.

ಆ ಮಂಪರಿನ ಬಗ್ಗೆ ಹಗುರವಾಗಿ ಮಾತನಾಡುವಂತಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದು ಮಂಗಳೂರಿನಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಬಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 158 ಜನ ಸತ್ತರು. ಹಾರಾಟದ ವೇಳೆ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ದೆಯಲ್ಲಿದ್ದುದನ್ನು ಧ್ವನಿಮುದ್ರಣ ತೋರಿಸಿತು. ಇಳಿಯುವ ಎತ್ತರ ಮತ್ತು ವೇಗ ಸರಿಯಿಲ್ಲವೆಂದು ಸಹ-ಪೈಲಟ್ ಎಚ್ಚರಿಸಿದರೂ ಅವರು ಮತ್ತೆ ಮೇಲೇರುವ ನಿರ್ಧಾರಕ್ಕೆ ಸಕಾಲದಲ್ಲಿ ಬರಲಿಲ್ಲ. ದೀರ್ಘ ನಿದ್ದೆಯ ನಂತರದ ಮಂಪರು ಅವರ ತೀರ್ಮಾನಶಕ್ತಿಯನ್ನು ಕುಂದಿಸಿರಬಹುದೆಂದು ತನಿಖೆ ಹೇಳಿತು. ನಿಯಮವಿದ್ದು ಪದ್ಧತಿಯಂತೆ ಮಲಗುವುದಕ್ಕೂ, ತಡೆಯಲಾಗದೆ ಮಲಗಿಬಿಡುವುದಕ್ಕೂ ನಡುವೆ ಇಷ್ಟು ಅಂತರವಿದೆ.

ಅಪಘಾತದ ಮೂಲ ಕಾರಣ ಬಳಲಿಕೆಯೇ ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಮೊದಲ ಬಾರಿಗೆ ಬರೆದದ್ದು 1993ರ ಆಗಸ್ಟ್ 18ರಂದು ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆ ಗ್ವಾಂಟನಾಮೊ ಬೇಯಲ್ಲಿ ನಡೆದ ಪ್ರಕರಣದಲ್ಲಿ. ರಾತ್ರಿಯಿಡೀ ಹಾರಿ, ಕೆಲಸ ಮುಗಿಯಿತೆಂದುಕೊಂಡಿದ್ದ ಮೂವರ ಸಿಬ್ಬಂದಿಗೆ ಇನ್ನೊಂದು ಸರಕು ಸಾಗಿಸುವ ಕರೆ ಬಂತು. ಡಿಸಿ-8 ವಿಮಾನ ಇಳಿಯಲು ತಿರುಗುವ ಹೊತ್ತಿಗೆ ಕ್ಯಾಪ್ಟನ್ ಎಚ್ಚರವಾಗಿ ಇಪ್ಪತ್ತಮೂರೂವರೆ ಗಂಟೆಗಳಾಗಿದ್ದವು. ಗಡಿಯ ಬೇಲಿಯನ್ನು ತೋರಿಸುವ ಮಿನುಗುದೀಪವನ್ನು ಅವರು ಹುಡುಕುತ್ತಿದ್ದರು. ಆ ದಿನ ಆ ದೀಪ ಕೆಟ್ಟಿತ್ತು. ದೀಪ ಎಲ್ಲಿ, ದೀಪ ಕಾಣುತ್ತಿದೆಯೇ ಎಂಬ ಮಾತಿನಲ್ಲೇ ಅವರ ಗಮನ ಸಿಕ್ಕಿಬಿದ್ದಿತು. ವೇಗ ಕುಸಿಯುತ್ತಿರುವುದನ್ನು ಜೊತೆಯವರು ಹೇಳಿದರೂ ಅದು ಅವರ ತಲೆಗೆ ಹೋಗಲಿಲ್ಲ. ವಿಮಾನ ರನ್‌ವೇಗೆ ಸ್ವಲ್ಪ ಮೊದಲೇ ನೆಲಕ್ಕೆ ಬಿತ್ತು. ಮೂವರೂ ಬದುಕಿದರು, ಹಾಗಾಗಿಯೇ ಅವರ ನಿದ್ದೆಯ ಲೆಕ್ಕ ಅಷ್ಟು ನಿಖರವಾಗಿ ದಾಖಲಾಯಿತು. ಬಳಲಿದವರು ಮಲಗಿಬಿಡುತ್ತಾರೆಂಬುದು ಸಾಮಾನ್ಯ ತಿಳಿವಳಿಕೆ. ಎಚ್ಚರವಾಗಿದ್ದೂ ಒಂದೇ ಯೋಚನೆಗೆ ಅಂಟಿಕೊಂಡು ಉಳಿದದ್ದೆಲ್ಲ ಮಸುಕಾಗುವುದು ಅದಕ್ಕಿಂತ ಅಪಾಯಕಾರಿ, ಏಕೆಂದರೆ ಹಾಗಾಗುತ್ತಿದೆ ಎಂಬುದು ಆ ಮನುಷ್ಯನಿಗೇ ಗೊತ್ತಾಗುವುದಿಲ್ಲ.

ಇಷ್ಟಾದರೂ ಅಮೆರಿಕದ ನಿಯಮ ಬದಲಾದದ್ದು 2009ರ ಫೆಬ್ರುವರಿ 12ರ ರಾತ್ರಿ ಬಫಲೊ ಬಳಿ ಕೋಲ್ಗನ್ ಏರ್ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತ ಮೇಲೆ. ಸಹ-ಪೈಲಟ್ ಆಗಿದ್ದ ಯುವತಿ ದೇಶದ ಇನ್ನೊಂದು ಅಂಚಿನ ಸಿಯಾಟಲ್‌ನಿಂದ ಹಿಂದಿನ ರಾತ್ರಿ ಸರಕು ವಿಮಾನಗಳಲ್ಲಿ ಪ್ರಯಾಣಿಸಿ ನೆವಾರ್ಕ್‌ನ ಡ್ಯೂಟಿಗೆ ಬಂದಿದ್ದರು, ನೆಗಡಿಯೂ ಇತ್ತು. ಕ್ಯಾಪ್ಟನ್ ಆ ರಾತ್ರಿಯನ್ನು ಸಿಬ್ಬಂದಿಯ ಕೋಣೆಯಲ್ಲಿ ಕಳೆದಿದ್ದರು. ಡ್ಯೂಟಿಯ ಗಂಟೆಗಳ ಪಟ್ಟಿಯಲ್ಲಿ ಇಬ್ಬರದೂ ತಪ್ಪಿಲ್ಲ, ಏಕೆಂದರೆ ಮನೆಯಿಂದ ಕೆಲಸದ ಊರಿಗೆ ಬರುವ ಪ್ರಯಾಣ ಆ ಪಟ್ಟಿಗೆ ಸೇರುವುದೇ ಇಲ್ಲ. ಪ್ರಾದೇಶಿಕ ವಿಮಾನಗಳ ಹೊಸ ಪೈಲಟ್‌ಗಳ ಸಂಬಳ ಆಗ ಎಷ್ಟು ಕಡಿಮೆಯಿತ್ತೆಂದರೆ ಕೆಲಸದ ಊರಿನಲ್ಲಿ ಮನೆ ಮಾಡುವುದು ಅನೇಕರಿಗೆ ಸಾಧ್ಯವಿರಲಿಲ್ಲ. ಹಲವರು ಸೇರಿ ಬಾಡಿಗೆಗೆ ಹಿಡಿದ ಕೋಣೆಗಳಲ್ಲಿ ಸರದಿಯಂತೆ ಮಲಗುತ್ತಿದ್ದರು. ಬಳಲಿಕೆ ಎಷ್ಟರ ಮಟ್ಟಿಗೆ ಕಾರಣವಾಯಿತೆಂದು ಮಂಡಳಿ ಖಚಿತವಾಗಿ ಹೇಳಲಿಲ್ಲ. ಆದರೆ ಸತ್ತವರ ಕುಟುಂಬಗಳು ಪಟ್ಟು ಬಿಡಲಿಲ್ಲ. 2010ರಲ್ಲಿ ಕಾನೂನು ಬಂತು, ಹೊಸ ನಿಯಮಗಳು 2014ರ ಜನವರಿಯಲ್ಲಿ ಜಾರಿಯಾದವು.

ಹಳೆಯ ನಿಯಮದಲ್ಲಿ ವಿಶ್ರಾಂತಿಯನ್ನು ಎಂಟು ಗಂಟೆಗೆ ಇಳಿಸಬಹುದಿತ್ತು, ಆ ಎಂಟರಲ್ಲೇ ಹೋಟೆಲಿನ ವಾಹನಕ್ಕೆ ಕಾಯುವುದು, ಊಟ, ಸ್ನಾನ, ಮತ್ತೆ ನಿಲ್ದಾಣಕ್ಕೆ ಬರುವುದು ಎಲ್ಲವೂ ಸೇರಿರುತ್ತಿತ್ತು. ಹೊಸ ನಿಯಮವು ಹತ್ತು ಗಂಟೆಗಳ ವಿಶ್ರಾಂತಿ ಮತ್ತು ಅದರೊಳಗೆ ಅಡೆತಡೆಯಿಲ್ಲದ ಎಂಟು ಗಂಟೆ ನಿದ್ದೆಯ ಅವಕಾಶ ಇರಲೇಬೇಕೆಂದಿತು. ಸರಕು ವಿಮಾನಗಳ ಪೈಲಟ್‌ಗಳನ್ನು ಮಾತ್ರ ಇದರಿಂದ ಹೊರಗಿಟ್ಟರು. ನಿಯಮ ಜಾರಿಯಾಗುವುದಕ್ಕೆ ಕೆಲವೇ ತಿಂಗಳ ಮುಂಚೆ, 2013ರ ಆಗಸ್ಟ್ 14ರ ನಸುಕಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಬಳಿ ಯುಪಿಎಸ್ ಸರಕು ವಿಮಾನ ಬಿದ್ದು ಇಬ್ಬರು ಪೈಲಟ್‌ಗಳೂ ಸತ್ತರು. ಪ್ರಯಾಣಿಕರ ವಿಮಾನದವರಿಗೆ ಸಿಗುವ ವಿಶ್ರಾಂತಿ ತಮಗಿಲ್ಲವೆಂದು ಅವರು ಆಡಿಕೊಂಡ ಮಾತು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿತ್ತು. ಸರಕು ಹೊತ್ತವರ ನಿದ್ದೆಯನ್ನು ಬೇರೆ ತಕ್ಕಡಿಯಲ್ಲಿ ತೂಗಿದ್ದಕ್ಕೆ ಯಾವ ನ್ಯಾಯವೂ ಇಲ್ಲ. ವಿನಾಯಿತಿ ಈಗಲೂ ಇದೆ.

ನಿದ್ದೆಯ ಪಕ್ಕದಲ್ಲೇ ಮನಸ್ಸಿನ ಪ್ರಶ್ನೆಯೂ ಇದೆ, ಅದರ ಬಗ್ಗೆ ಮಾತು ಇನ್ನೂ ತಡವಾಗಿ ಶುರುವಾಯಿತು. ಖಿನ್ನತೆಗೆ ಔಷಧಿ ತೆಗೆದುಕೊಳ್ಳುವವರಿಗೆ ಅಮೆರಿಕದಲ್ಲಿ ಹಾರಲು ಅವಕಾಶವೇ ಇರಲಿಲ್ಲ. 2010ರಲ್ಲಿ ನಾಲ್ಕು ಔಷಧಿಗಳಿಗೆ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್‌ನ ಸಹ-ಪೈಲಟ್ ತನ್ನ ಕಾಯಿಲೆಯನ್ನು ಕಂಪನಿಯಿಂದ ಮುಚ್ಚಿಟ್ಟು, ವಿಮಾನವನ್ನು ಬೇಕೆಂದೇ ಬೆಟ್ಟಕ್ಕೆ ಅಪ್ಪಳಿಸಿ 150 ಸಾವುಗಳಿಗೆ ಕಾರಣನಾದ ಮೇಲೆ ಯುರೋಪಿನಲ್ಲಿ ಸಹೋದ್ಯೋಗಿಗಳ ನೆರವಿನ ವ್ಯವಸ್ಥೆ ಕಡ್ಡಾಯವಾಯಿತು. ತರಬೇತಿ ಪಡೆದ ಇನ್ನೊಬ್ಬ ಪೈಲಟ್‌ನೊಂದಿಗೆ ಗುಟ್ಟಾಗಿ ಮಾತನಾಡಬಹುದಾದ ಏರ್ಪಾಡು ಅದು. 2016ರಲ್ಲಿ ಪ್ರಕಟವಾದ ಹಾರ್ವರ್ಡ್ ಸಂಶೋಧಕರ ಅನಾಮಧೇಯ ಸಮೀಕ್ಷೆಯಲ್ಲಿ ಖಿನ್ನತೆಯ ಪ್ರಶ್ನೆಗಳಿಗೆ ಉತ್ತರಿಸಿದ 1,848 ಪೈಲಟ್‌ಗಳ ಪೈಕಿ ಶೇ 12.6ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳು ಕಂಡವು. ಹೆಸರು ಬರೆಯಬೇಕಾಗಿದ್ದರೆ ಇವರಲ್ಲಿ ಎಷ್ಟು ಜನ ಹಾಗೆ ಉತ್ತರಿಸುತ್ತಿದ್ದರು? ವೈದ್ಯಕೀಯ ಪ್ರಮಾಣಪತ್ರ ಹೋದರೆ ಕೆಲಸವೇ ಹೋದಂತಾಗುವ ವೃತ್ತಿ ಇದು. ತರಬೇತಿಗೆ ಮಾಡಿದ ದೊಡ್ಡ ಸಾಲ ಮಾತ್ರ ಉಳಿದಿರುತ್ತದೆ.

ಇಂದಿನ ಅಮೆರಿಕದ ನಿಯಮದಂತೆ ಪ್ರತಿ ಹಾರಾಟಕ್ಕೆ ಮುನ್ನ ಪೈಲಟ್ ತಾನು ಡ್ಯೂಟಿಗೆ ಯೋಗ್ಯನಾಗಿದ್ದೇನೆ ಎಂದು ಸಹಿ ಮಾಡಬೇಕು. ಬಳಲಿದ್ದೇನೆ ಎಂದು ಹೇಳಿ ಹಿಂದೆ ಸರಿಯುವ ಹಕ್ಕೂ ಇದೆ. ಆದರೆ ಹಾಗೆ ಹೇಳಿದ ದಿನ ಆತ ರಜೆಯ ಲೆಕ್ಕಕ್ಕೆ ಬೀಳುತ್ತಾನೋ, ಸಂಬಳ ಕಡಿತವಾಗುತ್ತದೋ, ಮೇಲಧಿಕಾರಿಯ ಮುಂದೆ ಕಾರಣ ವಿವರಿಸಬೇಕೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಮನೆಯಲ್ಲಿ ಎಳೆಗೂಸುಗಳಿದ್ದು ರಾತ್ರಿ ನಾಲ್ಕು ಬಾರಿ ಎದ್ದ ಪೈಲಟ್, ರೋಸ್ಟರ್‌ನಲ್ಲಿ ಹತ್ತು ಗಂಟೆಗಳ ವಿಶ್ರಾಂತಿ ಸರಿಯಾಗಿಯೇ ದಾಖಲಾಗಿರುವ ಬೆಳಿಗ್ಗೆ, ಆ ಕಾಗದದ ಮುಂದೆ ಪೆನ್ನು ಹಿಡಿದು ನಿಲ್ಲುತ್ತಾನೆ.