ನಿಂತಲ್ಲೇ ಕೆಡುವ ದೋಣಿ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಊರೊಳಗಿನ ರಸ್ತೆಗಳಲ್ಲಿ ಸುತ್ತಾಡಿದರೆ ಮನೆಗಳ ಹಿತ್ತಲಲ್ಲಿ ಹಳೇ ಅಲ್ಯೂಮಿನಿಯಂ ದೋಣಿಗಳು ಕಣ್ಣಿಗೆ ಬೀಳುತ್ತವೆ. ಟ್ರೇಲರ್‌ನ ಟೈರಿನಲ್ಲಿ ಗಾಳಿ ಇರುವುದಿಲ್ಲ. ಒಳಗೆ ಎಲೆ ಕೊಳೆತು ಮಣ್ಣಾಗಿರುತ್ತದೆ. ಹಿಂಬದಿಯಲ್ಲಿ ಔಟ್‌ಬೋರ್ಡ್ ಎಂಜಿನ್ ತಲೆ ಬಗ್ಗಿಸಿಕೊಂಡು ನೇತಾಡುತ್ತಿರುತ್ತದೆ. ವಯಸ್ಸಾಯ್ತು, ಹಾಳಾಯ್ತು ಅಂತ ಮಾಲೀಕರು ಪುಕ್ಕಟೆ ಕೊಟ್ಟುಬಿಡುವುದೂ ಉಂಟು. ಅಂಥದ್ದೊಂದನ್ನು ಗ್ಯಾರೇಜಿಗೆ ತಂದು ಬಿಚ್ಚಿ ನೋಡಿದವರಿಗೆ ಬೇರೆಯೇ ಕತೆ ಸಿಗುತ್ತದೆ. ನೀರಲ್ಲಿ ಓಡಿ ಆದ ಪೆಟ್ಟು ಸ್ವಲ್ಪ. ಹೆಚ್ಚಿನ ಹಾನಿ ಆಗಿರುವುದು ದೋಣಿ ಸುಮ್ನೆ ನಿಂತಿದ್ದಾಗ. ಉಳಿದದ್ದು, ಹಿಂದೆ ಯಾರೋ ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯಿಂದ.

ಇಷ್ಟೊಂದು ದೋಣಿ ಅಲ್ಲಿಗೆ ಎಲ್ಲಿಂದ ಬಂದವು? ಕೆರೆಗಳಿಗೇನೂ ಕಡಿಮೆಯಿಲ್ಲ. ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ ಮಿನ್ನೆಸೋಟದಲ್ಲಿ 11,842 ಇವೆ. ಲೋಹ ಬಂದದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಗೆ ವಿಮಾನ ಕಟ್ಟುತ್ತಿದ್ದ ಗ್ರಮನ್ ಕಂಪನಿಗೆ ಯುದ್ಧ ಮುಗಿಯುತ್ತಿದ್ದ ಹಾಗೆ ಬೇರೆ ಕೆಲಸ ಬೇಕಾಯಿತು. ಅಲ್ಯೂಮಿನಿಯಂ ಹಾಳೆಯನ್ನು ಎಳೆದು ಬಾಗಿಸುವುದು, ಹಾಳೆಗಳನ್ನು ಜೋಡಿಸುವ ರಿವೆಟ್ ಮೊಳೆಗಳನ್ನು ಸಾಲಾಗಿ ಹೊಡೆಯುವುದು ಅವರಿಗೆ ನೀರು ಕುಡಿದಷ್ಟು ಸುಲಭ. 1945ರಲ್ಲಿ ಅವರ ಅಲ್ಯೂಮಿನಿಯಂ ಕೆನೂ ದೋಣಿಗಳು ಶುರುವಾದವು. ಮಿನ್ನೆಸೋಟದಲ್ಲೇ ಅಲ್ಯುಮಾಕ್ರಾಫ್ಟ್ 1946ರಲ್ಲಿ, ಲುಂಡ್ 1948ರಲ್ಲಿ ಹುಟ್ಟಿದವು. ಎಂಜಿನ್ ಅದಕ್ಕೂ ಹಳೇದು. ನಾರ್ವೆಯಿಂದ ವಲಸೆ ಬಂದ ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕಿಯಲ್ಲಿ ಮಾರಲು ಶುರು ಮಾಡಿದ ಎಂಜಿನ್ ಒಂದೂವರೆ ಅಶ್ವಶಕ್ತಿಯದು, ತೂಕ ಸುಮಾರು 28 ಕಿಲೋ. ಅದರ ಮೊದಲ ಜಾಹೀರಾತು ಬರೆದದ್ದು ಅವನ ಹೆಂಡತಿ ಬೆಸ್.

ಈಗ ಲೋಹಕ್ಕೆ ಬರೋಣ. ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ ಅನ್ನುತ್ತೇವೆ. ನಿಜ ಹೇಳಬೇಕೆಂದರೆ ಅದಕ್ಕೆ ತುಕ್ಕು ಹಿಡಿಯುವಷ್ಟು ಬೇಗ ಕಬ್ಬಿಣಕ್ಕೂ ಹಿಡಿಯುವುದಿಲ್ಲ. ಹೊಸದಾಗಿ ಕೆರೆದ ಅಲ್ಯೂಮಿನಿಯಂ ಮೇಲೆ ಗಾಳಿಯ ಆಮ್ಲಜನಕ ಕ್ಷಣಾರ್ಧದಲ್ಲಿ ಆಕ್ಸೈಡ್ ಪದರ ಕಟ್ಟಿಬಿಡುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಕಬ್ಬಿಣದ ತುಕ್ಕು ಸಡಿಲವಾಗಿ ಉದುರುತ್ತದೆ, ಒಳಗಿನ ಕಬ್ಬಿಣ ಮತ್ತೆ ಬಯಲಾಗುತ್ತದೆ. ಅಲ್ಯೂಮಿನಿಯಂನ ಪದರ ಹಾಗಲ್ಲ. ಗಟ್ಟಿಯಾಗಿ ಕಚ್ಚಿಕೊಂಡು ಕೂರುತ್ತದೆ, ಗೀರಿದರೆ ಮತ್ತೆ ಬೆಳೆಯುತ್ತದೆ. ಅದಕ್ಕೇ ಬಣ್ಣವನ್ನೇ ಕಾಣದ ದೋಣಿಯೂ ಕೆರೆಯಲ್ಲಿ ದಶಕಗಟ್ಟಲೆ ಬಾಳುತ್ತದೆ.

ಈ ಪದರಕ್ಕೆ ಎರಡು ದೌರ್ಬಲ್ಯ. ಒಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ: ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ನೆನೆಹಾಕಿದರೆ ಪಾತ್ರೆ ಕಪ್ಪಾಗಿ ಚುಕ್ಕೆ ಬೀಳುತ್ತದೆ. ಹುಳಿ ಈ ಪದರವನ್ನು ಕರಗಿಸುತ್ತದೆ. ಕ್ಷಾರ ಇನ್ನೂ ಜೋರು. ಹಳೇ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಸುರಿದರೆ ಬಣ್ಣದ ಜೊತೆ ದೋಣಿಯೂ ಕರಗುತ್ತದೆ, ಮೇಲಿಂದ ಹೈಡ್ರೋಜನ್ ಅನಿಲ ಬೇರೆ ಏಳುತ್ತದೆ. ಎರಡನೇ ದೌರ್ಬಲ್ಯ ಜಾಸ್ತಿ ಮೋಸದ್ದು. ಪದರ ದುರಸ್ತಿಯಾಗಲು ಆಮ್ಲಜನಕ ಬೇಕು. ಒದ್ದೆ ಕಾರ್ಪೆಟ್, ಕೊಳೆತ ಎಲೆ, ನೀರು ಹೀರಿದ ಫೋಮ್ ಇವುಗಳ ಅಡಿಯಲ್ಲಿ ನೀರು ಇರುತ್ತದೆ, ಹೊಸ ಗಾಳಿ ಇರುವುದಿಲ್ಲ. ಅಲ್ಲಿ ಪದರ ಒಡೆದರೆ ಮತ್ತೆ ಕೂಡಿಕೊಳ್ಳದು. ನೆಲದ ಹಲಗೆ ಎತ್ತಿದಾಗ ಬಿಳಿ ಪುಡಿ ಕಂಡರೆ ಅದನ್ನು ಬ್ರಶ್ಶಿನಿಂದ ಉಜ್ಜಿ ನೋಡಬೇಕು. ಅಡಿಯಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ. ಕೆಲವಕ್ಕೆ ಟಾರ್ಚ್ ಬೆಳಕು ಹಾಕಿದರೆ ಆಚೆಗೆ ಕಾಣುತ್ತದೆ. ಉಜ್ಜುವ ಬ್ರಶ್ ನೈಲಾನಿನದೋ ಸ್ಟೇನ್‌ಲೆಸ್ಸಿನದೋ ಆಗಿರಲಿ. ಸಾದಾ ಉಕ್ಕಿನ ಬ್ರಶ್ ಕಬ್ಬಿಣದ ಚೂರುಗಳನ್ನು ಲೋಹದಲ್ಲೇ ಬಿಟ್ಟುಹೋಗುತ್ತದೆ, ಮುಂದೆ ಅವೇ ಹೊಸ ಗುಳಿ ತೋಡುತ್ತವೆ.

ಕಬ್ಬಿಣದ ಚೂರಿಗೆ ಯಾಕಿಷ್ಟು ಹೆದರಿಕೆ? ಎರಡು ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು, ಎರಡೂ ನೀರಲ್ಲಿದ್ದರೆ ಅದೊಂದು ಬ್ಯಾಟರಿ. ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ ಕರಗುತ್ತದೆ. ದೋಣಿಯಲ್ಲಿ ಬಳಸುವ ಲೋಹಗಳ ಪೈಕಿ ಅಲ್ಯೂಮಿನಿಯಂಗಿಂತ ಧಾರಾಳಿಗಳು ಮೆಗ್ನೀಸಿಯಂ ಮತ್ತು ಸತು ಮಾತ್ರ. ಉಕ್ಕು, ಹಿತ್ತಾಳೆ, ತಾಮ್ರ ಯಾವುದು ಎದುರಿಗಿದ್ದರೂ ಕರಗುವುದು ಅಲ್ಯೂಮಿನಿಯಮ್ಮೇ. ಎಂಜಿನ್ ಮೇಲೆ ಒಂದು ಬಲಿ ಲೋಹದ ತುಂಡು ಕೂರಿಸುವುದು ಇದೇ ಕಾರಣಕ್ಕೆ. ಸಿಹಿನೀರಿಗೆ ಮೆಗ್ನೀಸಿಯಂ, ಉಪ್ಪುನೀರಿಗೆ ಸತು. ಆ ತುಂಡು ಕರಗಿದೆ ಅಂದರೆ ಎಂಜಿನ್ ಉಳಿದಿದೆ ಎಂದರ್ಥ. ಅದರ ಮೇಲೆ ಬಣ್ಣ ಬಳಿದರೆ ಕೆಲಸ ಮಾಡದು, ಆದರೂ ಚೆಂದ ಕಾಣಲಿ ಅಂತ ಬಳಿಯುವವರಿದ್ದಾರೆ.

ಇನ್ನು ಒಳ್ಳೆಯ ಮನಸ್ಸಿನ ರಿಪೇರಿ ಅಂದೆನಲ್ಲ, ಅದರಲ್ಲಿ ಮೊದಲನೆಯದು ಪ್ಲೈವುಡ್. ದೋಣಿಯ ಹಿಂಗೋಡೆಗೆ, ಅಂದರೆ ಎಂಜಿನ್ ಕಚ್ಚಿಸುವ ಟ್ರಾನ್ಸಮ್‌ಗೆ, ಒಳಗಿನಿಂದ ಮರದ ಒತ್ತು ಇರುತ್ತದೆ. ಅದು ಕೊಳೆತರೆ ಎಂಜಿನ್ ಅಲುಗಾಡುತ್ತದೆ. ಹೊಸದಾಗಿ ಹಾಕುವುದು ಬೇಗ ಕೊಳೆಯದಿರಲಿ ಅಂತ ಅಂಗಡಿಯಿಂದ ಔಷಧಿ ಹಾಯಿಸಿದ ಪ್ಲೈವುಡ್ ತರುತ್ತಾರೆ. ಸಹಜ, ಅಲ್ವಾ? ಆದರೆ ಆ ಔಷಧಿಯಲ್ಲಿರುವುದು ತಾಮ್ರ. ಅಮೆರಿಕದಲ್ಲಿ 2003ರ ಕೊನೆಯವರೆಗೆ ಮನೆಬಳಕೆಯ ಮರಕ್ಕೆ ತಾಮ್ರದ ಜೊತೆ ಕ್ರೋಮಿಯಂ, ಆರ್ಸೆನಿಕ್ ಸೇರಿಸುತ್ತಿದ್ದರು. ಆರ್ಸೆನಿಕ್ ವಿಷ ಅಂತ ಬಿಟ್ಟರು, ಬದಲಿಗೆ ಬಂದ ಔಷಧಿಗಳಲ್ಲಿ ತಾಮ್ರ ಇನ್ನೂ ಹೆಚ್ಚಾಯಿತು. ಮರ ಒದ್ದೆಯಾದಾಗ ತಾಮ್ರದ ಅಯಾನುಗಳು ನೀರಿಗಿಳಿಯುತ್ತವೆ, ಅಲ್ಯೂಮಿನಿಯಂ ಮೇಲೆ ಲೋಹವಾಗಿ ಕೂರುತ್ತವೆ. ಕೂತ ಒಂದೊಂದು ಚುಕ್ಕೆಯೂ ಒಂದೊಂದು ಬ್ಯಾಟರಿ. ಮರ ಗಟ್ಟಿಯಾಗೇ ಇರುತ್ತದೆ, ಲೋಹ ಜರಡಿಯಾಗುತ್ತದೆ. ಸಾದಾ ಪ್ಲೈವುಡ್ ತಂದು, ಅಂಚು ಮತ್ತು ಬೋಲ್ಟಿನ ತೂತು ಸಮೇತ ಎಪಾಕ್ಸಿ ಅಂಟು ಕುಡಿಸಿ ಮುಚ್ಚುವುದೇ ಸರಿ. ಬೋಲ್ಟ್ ತೂತಿನ ಒಳಗೋಡೆಯನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ, ಮರ ಕೊಳೆಯಲು ಶುರುವಾಗುವುದೇ ಅಲ್ಲಿಂದ.

ಸೋರಿಕೆ ಹುಡುಕುವ ವಿಧಾನ ನೋಡಲು ತಮಾಷೆಯಾಗಿರುತ್ತದೆ. ದೋಣಿಯನ್ನು ನೀರಿಗಿಳಿಸುವುದಿಲ್ಲ, ನೀರನ್ನೇ ದೋಣಿಗೆ ಇಳಿಸುತ್ತಾರೆ. ಟ್ರೇಲರ್ ಮೇಲಿಟ್ಟು ಹೋಸ್‌ಪೈಪಿನಿಂದ ಒಂದು ಗೇಣಿಗಿಂತ ಕಡಿಮೆ ತುಂಬಿಸಿದರೆ ಸಾಕು. ಜಾಸ್ತಿ ತುಂಬಬಾರದು, ಒಂದು ಘನ ಮೀಟರ್ ನೀರು ಅಂದರೆ ಒಂದು ಟನ್ ಭಾರ. ಆಮೇಲೆ ಅಡಿಗೆ ಹೋಗಿ ಮಲಗಬೇಕು. ಒಣಗಿದ ಲೋಹದ ಮೇಲೆ ಒಂದು ರಿವೆಟ್ಟಿನ ಸುತ್ತ ಮೊದಲು ಕಪ್ಪು ಉಂಗುರ ಮೂಡುತ್ತದೆ, ಅದು ದಪ್ಪಗಾಗಿ ಹನಿಯಾಗಿ ತೊಟ್ಟಿಕ್ಕುತ್ತದೆ. ಮಾರ್ಕರ್‌ನಿಂದ ಅಲ್ಲೇ ಸುತ್ತು ಹಾಕುತ್ತಾ ಹೋಗುವುದು. ಹನಿ ಹರಿದು ಬೇರೆ ಕಡೆ ಬೀಳುತ್ತದೆ. ಹಾಗಾಗಿ ಬಿದ್ದ ಜಾಗವನ್ನು ನೋಡದೆ ಹುಟ್ಟಿದ ಜಾಗವನ್ನು ಹಿಡಿಯಬೇಕು.

ಸಡಿಲವಾದ ರಿವೆಟ್ಟನ್ನು ಬಿಗಿ ಮಾಡಲು ಇಬ್ಬರು ಬೇಕು. ಒಬ್ಬರು ಒಳಗಿನಿಂದ ರಿವೆಟ್ ಬಾಲಕ್ಕೆ ಭಾರದ ಉಕ್ಕಿನ ಗಟ್ಟಿ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಹೊರಗಿನಿಂದ ತಲೆಗೆ ಬಡಿಯುತ್ತಾರೆ. ನಡುವೆ ಸಿಕ್ಕ ಮೆತ್ತನೆ ಅಲ್ಯೂಮಿನಿಯಂ ಉಬ್ಬಿ ತೂತನ್ನು ಪೂರ್ತಿ ತುಂಬಿಕೊಳ್ಳುತ್ತದೆ. ಒಬ್ಬರೇ ಮಾಡಬಹುದು ಅಂತ ಹೊರಗಿನಿಂದಲೇ ಕೂರಿಸುವ ಪಾಪ್ ರಿವೆಟ್ ಹೊಡೆಯುವುದು ಸಾಮಾನ್ಯ ತಪ್ಪು. ಅದರ ನಡುವೆ ಟೊಳ್ಳು. ಎಷ್ಟೋ ಸಲ ಒಳಗೆ ಮುರಿದ ಉಕ್ಕಿನ ಕಡ್ಡಿ ಉಳಿದಿರುತ್ತದೆ. ಸೋರುವುದಕ್ಕೆ ದಾರಿ, ಬ್ಯಾಟರಿಗೆ ಎರಡನೇ ಲೋಹ, ಎರಡೂ ಸಿದ್ಧ. ಹಾಗಾದರೆ ವೆಲ್ಡಿಂಗ್? ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿ ದಾಟಬೇಕು. ಪದರ ಕರಗುವ ಮುಂಚೆ ಅಡಿಯ ಲೋಹ ಇಳಿದುಹೋಗಿರುತ್ತದೆ. ಕೈ ಪಳಗಿದವರಿಗೆ ಬಿಡುವುದು ಕ್ಷೇಮ.

ಸೀಟಿನಡಿಯ ಫೋಮ್ ಬಗ್ಗೆ ಒಂದು ಮಾತು. ಅದು ಕೂರುವವರ ಸುಖಕ್ಕೆ ಇಟ್ಟದ್ದಲ್ಲ. ದೋಣಿ ನೀರು ತುಂಬಿದರೂ ಮುಳುಗದಿರಲಿ ಅಂತ ಇಟ್ಟದ್ದು. ಅದನ್ನು ಕಿತ್ತೆಸೆದು ಸಾಮಾನಿಡುವ ಪೆಟ್ಟಿಗೆ ಮಾಡಿಕೊಳ್ಳುವುದು ನನ್ನ ಪ್ರಕಾರ ಶುದ್ಧ ಹುಚ್ಚುತನ. ಹಳೇದು ನೀರು ಹೀರಿ ಭಾರವಾಗಿದ್ದರೆ ಬದಲಿಸಬೇಕು ನಿಜ. ಆದರೆ ಪಾಲಿಸ್ಟೈರೀನ್ ಹಾಕುವುದಾದರೆ ಒಂದು ನೆನಪಿರಲಿ, ಪೆಟ್ರೋಲ್ ಚೆಲ್ಲಿದರೆ ಅದು ಕರಗಿ ಅಂಟಾಗುತ್ತದೆ. ಪಾಲಿಯುರಿಥೇನ್ ತಡೆದುಕೊಳ್ಳುತ್ತದೆ.

ಎಂಜಿನ್ನಿಗೆ ಬಂದರೆ, ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಇಲ್ಲಿ ಯಾವುದೂ ಹೊಸದೆನಿಸದು. ಟೂ ಸ್ಟ್ರೋಕ್, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಕಿಡಿಗಾಗಿ ಕರೆಂಟ್ ಕೂಡಿಸಿ ಬಿಡಿಸುವ ಪಾಯಿಂಟ್ ಕೊಳೆಯಾದರೆ ಸ್ಪಾರ್ಕ್ ಬರದು. ಪಾಯಿಂಟ್‌ಗಳು ಓಡುವಾಗ ಒಂದನ್ನೊಂದು ಬಡಿದು ಚೊಕ್ಕಟವಾಗಿರುತ್ತವೆ, ನಿಂತಾಗಲೇ ಅವುಗಳ ಮುಖಕ್ಕೆ ಆಕ್ಸೈಡ್ ಹಿಡಿಯುವುದು. ತೆಳು ಅರದಿಂದ ಉಜ್ಜಿ, ಹಲವು ಹಳೇ ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳಲ್ಲಿ ಅರ್ಧ ಮಿಲಿಮೀಟರ್ ಅಂತರ ಇಟ್ಟರೆ ಸಾಕು. ಅದಕ್ಕೂ ಮೊದಲು ಸಿಲಿಂಡರ್‌ಗಳ ಕಂಪ್ರೆಷನ್, ಅಂದರೆ ಒಳಗೆ ಹಿಂಡಿದ ಗಾಳಿಯ ಒತ್ತಡ, ಅಳೆಯುವುದು ಜಾಣತನ. ಎರಡರ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಉಳಿದ ಖರ್ಚಿಗೆ ಕೈ ಹಾಕುವ ಮುಂಚೆ ಯೋಚಿಸಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ನೀರಿನ ಪಂಪು. ಔಟ್‌ಬೋರ್ಡ್‌ಗೆ ರೇಡಿಯೇಟರ್ ಇಲ್ಲ, ಕೆರೆಯೇ ರೇಡಿಯೇಟರ್. ಎಂಜಿನ್ನಿನ ಕೆಳಭಾಗ ಕಳಚಿದರೆ ಡ್ರೈವ್ ಶಾಫ್ಟಿನ ಮೇಲೆ ಸಣ್ಣ ಬಟ್ಟಲಿನಂಥ ಕವಚ, ಒಳಗೆ ರಬ್ಬರಿನ ಚಕ್ರ. ಇದೇ ಇಂಪೆಲ್ಲರ್. ಶಾಫ್ಟ್ ಬಟ್ಟಲಿನ ನಟ್ಟನಡುವೆ ಇರುವುದಿಲ್ಲ, ಬೇಕೆಂದೇ ಒಂದು ಪಕ್ಕಕ್ಕೆ ಇಟ್ಟಿರುತ್ತಾರೆ. ಹತ್ತಿರದ ಗೋಡೆಯ ಕಡೆ ರಬ್ಬರಿನ ರೆಕ್ಕೆಗಳು ಬಾಗುತ್ತವೆ, ದೂರದ ಗೋಡೆಯ ಕಡೆ ಬಿಚ್ಚಿಕೊಳ್ಳುತ್ತವೆ. ಎರಡು ರೆಕ್ಕೆಗಳ ನಡುವಿನ ಜಾಗ ಹಿಗ್ಗುವಾಗ ನೀರು ಒಳಗೆ ಬರುತ್ತದೆ, ಕುಗ್ಗುವಾಗ ಮೇಲಕ್ಕೆ ತಳ್ಳಲ್ಪಡುತ್ತದೆ. ವೇಗ ಹೆಚ್ಚಿದಾಗ ನೀರಿನ ಒತ್ತಡವೇ ರೆಕ್ಕೆಗಳನ್ನು ಗೋಡೆಯಿಂದ ಹಿಂದೆ ಸರಿಸುತ್ತದೆ. ಆಗ ಅದು ಬಾವಿಯ ಪಂಪಿನ ಥರ ನೀರನ್ನು ಬರೀ ಬೀಸಿ ಎಸೆಯುತ್ತದೆ. ಒಂದು ರಬ್ಬರ್ ತುಂಡು, ಎರಡು ಬಗೆಯ ಪಂಪು!

ವರ್ಷಗಟ್ಟಲೆ ನಿಂತರೆ ಬಾಗಿದ ರೆಕ್ಕೆ ಬಾಗಿದಂತೆಯೇ ಗಟ್ಟಿಯಾಗುತ್ತದೆ. ಹೊರತೆಗೆದ ಹಳೇ ಇಂಪೆಲ್ಲರ್ ಅಂಗೈಲಿಟ್ಟು ನೋಡಿದರೆ ಒಂದು ಪಕ್ಕದ ರೆಕ್ಕೆಗಳು ಸೊಟ್ಟಗೆ ಮಲಗಿಯೇ ಇರುತ್ತವೆ. ಅದು ನೀರು ಎತ್ತದು. ಎಂಜಿನ್ ಮಾತ್ರ ಸ್ಟಾರ್ಟ್ ಮಾಡುವ ಹಗ್ಗದ ಮೊದಲ ಎಳೆತಕ್ಕೇ ಚೆನ್ನಾಗಿ ಸ್ಟಾರ್ಟ್ ಆಗಿಬಿಡಬಹುದು, ಅಪಾಯ ಇರುವುದೇ ಅಲ್ಲಿ. ಆದ್ದರಿಂದ ಹೊಸ ಇಂಪೆಲ್ಲರ್ ಹಾಕದೆ ಹಗ್ಗ ಎಳೆಯಬಾರದು. ಹಾಕಿದ ಮೇಲೂ ಡ್ರಮ್ಮಿನಲ್ಲಿ ನೀರು ತುಂಬಿ ಅದರಲ್ಲಿಟ್ಟೇ ಓಡಿಸಬೇಕು. ಒಣ ಬಟ್ಟಲಲ್ಲಿ ಉಜ್ಜಿದರೆ ರಬ್ಬರ್ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಎವಿನ್‌ರೂಡ್ ಎಂಜಿನ್ ತಯಾರಿಕೆ 2020ರಲ್ಲಿ ನಿಂತುಹೋಯಿತು, ಆದರೂ ಅರ್ಧ ಶತಮಾನದ ಹಿಂದಿನ ಎಷ್ಟೋ ಮಾಡೆಲ್‌ಗಳಿಗೆ ಇಂಪೆಲ್ಲರ್ ಇನ್ನೂ ಸಿಗುತ್ತದೆ.

ಕಾರ್ಬೊರೇಟರ್ ಕತೆಯೂ ನಿಂತು ಕೆಟ್ಟದ್ದೇ. ಪೆಟ್ರೋಲಿನ ಹಗುರ ಅಂಶ ಆವಿಯಾಗುತ್ತದೆ, ಉಳಿದದ್ದು ಕಂದು ಅಂಟಾಗಿ ಕೂದಲೆಳೆಯಷ್ಟು ಸಣ್ಣ ತೂತುಗಳನ್ನು ಮುಚ್ಚುತ್ತದೆ. ಇದರ ಮೇಲೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಎಂಬ ಆಲ್ಕೋಹಾಲ್. ಹಳೇ ಕಾರ್ಬೊರೇಟರ್‌ಗಳಲ್ಲಿ ಪೆಟ್ರೋಲ್ ಸಾಕಷ್ಟಾದಾಗ ತೇಲಿ ಮೇಲೆದ್ದು ದಾರಿ ಮುಚ್ಚುವ ಬೆಂಡು ಕಾರ್ಕಿನದು, ಅದಕ್ಕೆ ಅರಗಿನ ಲೇಪ. ಅರಗು ಪೆಟ್ರೋಲಿಗೆ ಜಗ್ಗದು, ಆಲ್ಕೋಹಾಲಿಗೆ ಕರಗುತ್ತದೆ. ಲೇಪ ಹೋದ ಕಾರ್ಕು ಪೆಟ್ರೋಲ್ ಕುಡಿದು ಮುಳುಗುತ್ತದೆ, ಎಂಜಿನ್ನಿಗೆ ಪೆಟ್ರೋಲ್ ತುಂಬಿ ಹರಿಯುತ್ತದೆ. ಎಥೆನಾಲ್ ತೇವವನ್ನೂ ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರು, ಎಥೆನಾಲ್ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಎಂಜಿನ್ ಹೀರುವುದು ತಳದಿಂದ. ಆಯಿಲೇ ಇಲ್ಲದ ಟೂ ಸ್ಟ್ರೋಕ್‌ನ ಗತಿ ಹೇಳಬೇಕಾಗಿಲ್ಲ. ಮಿನ್ನೆಸೋಟದಲ್ಲಿ ದೋಣಿ, ಹಳೇ ವಾಹನಗಳಿಗೆ ಎಥೆನಾಲ್ ಇಲ್ಲದ ಪೆಟ್ರೋಲ್ ಮಾರಲು ಅವಕಾಶವಿದೆ. ಇಲ್ಲಿ ನಮ್ಮ ಬಂಕ್‌ಗಳಲ್ಲಿ ಶೇ. 20ರ ಎಥೆನಾಲ್ ಮಾಮೂಲಾಗಿರುವಾಗ ಹಳೇ ಬೈಕಿನವರೂ ಟ್ಯಾಂಕಿನ ತಳದ ಕಡೆ ಒಂದು ಕಣ್ಣಿಟ್ಟರೆ ಒಳ್ಳೆಯದು.

ಇಷ್ಟೆಲ್ಲ ಮಾಡಿದ ಎಂಜಿನ್ ಹೊಗೆ ಬಿಡುತ್ತದೆ ಅನ್ನುವುದನ್ನು ಮುಚ್ಚಿಡಬಾರದು. ಹಳೇ ಟೂ ಸ್ಟ್ರೋಕ್‌ಗಳಲ್ಲಿ ಕಾಲು ಭಾಗದಷ್ಟು ಪೆಟ್ರೋಲ್ ಉರಿಯದೆಯೇ ಹೊರಗೆ ಹೋಗಬಹುದು, ಹೋಗುವುದೂ ನೇರ ನೀರಿಗೆ. ಕ್ಯಾಲಿಫೋರ್ನಿಯಾ-ನೆವಾಡ ಗಡಿಯ ಟಾಹೋ ಸರೋವರದಲ್ಲಿ 1999ರಿಂದ ಕಾರ್ಬೊರೇಟರ್ ಇರುವ ಟೂ ಸ್ಟ್ರೋಕ್‌ಗಳಿಗೆ ನಿರ್ಬಂಧ ಬಂದದ್ದು ಇದಕ್ಕೇ. ಭಾನುವಾರಕ್ಕೊಮ್ಮೆ ಮೀನು ಹಿಡಿಯಲು ಹೋದರೆ ಸರಿ, ದಿನವಿಡೀ ಓಡಿಸುವುದಾದರೆ ಫೋರ್ ಸ್ಟ್ರೋಕ್ ಕೊಳ್ಳುವುದು ಮೇಲು.

ಚಳಿಗಾಲಕ್ಕೆ ಮುಂಚೆ ಒಂದು ಕೆಲಸ ತಪ್ಪಿಸಬಾರದು. ಪ್ರೊಪೆಲ್ಲರ್ ಪಕ್ಕದ ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಬಿಚ್ಚಿ ಆಯಿಲ್ ಇಳಿಸಬೇಕು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಸೀಲ್ ಸೋತು ನೀರು ಒಳಗೆ ಬಂದಿದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಎರಕದ ಅಲ್ಯೂಮಿನಿಯಂ ಪೆಟ್ಟಿಗೆ ಸೀಳಿ ಹೋಗುತ್ತದೆ. ಬಹಳ ಜನ ಈ ಆಯಿಲನ್ನು ವಸಂತದಲ್ಲಿ, ದೋಣಿ ಇಳಿಸುವ ಮುಂಚೆ ಬದಲಿಸುತ್ತಾರೆ. ಅಷ್ಟು ಹೊತ್ತಿಗೆ ಮಂಜುಗಡ್ಡೆ ತನ್ನ ಕೆಲಸ ಮುಗಿಸಿರುತ್ತದೆ. ಅಕ್ಟೋಬರಿನಲ್ಲೇ ಬದಲಿಸಿ, ಪೆಟ್ರೋಲ್ ಪೈಪ್ ಕಳಚಿ ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ, ದೋಣಿಯ ತಳದ ಬಿರಡೆ ತೆಗೆದು, ಮೂತಿ ಸ್ವಲ್ಪ ಮೇಲಕ್ಕೆ ಎತ್ತಿ ನಿಲ್ಲಿಸಬೇಕು. ಎಂಜಿನ್ನನ್ನು ಮಾತ್ರ ನೆಟ್ಟಗೆ ಇಳಿಬಿಟ್ಟೇ ಇಡಬೇಕು, ಒಳಗಿನ ನೀರು ತಾನಾಗೇ ಬಸಿದುಹೋಗುತ್ತದೆ.