ತೂತು ಸವೆದರೆ ವಿಮಾನ ಮಾತು ಕೇಳುವುದಿಲ್ಲ

"ಸರ್, ಪ್ಲೇನ್ ನೆಟ್ಟಗೆ ಹೋಗ್ತಿಲ್ಲ. ಮೂತಿಗೆ ಸ್ವಲ್ಪ ಸೀಸ ಹಾಕ್ಲಾ?"

ಕಳೆದ ತಿಂಗಳು ನನ್ನ ಹತ್ತಿರ ಕಲಿಯುವ ಹುಡುಗನೊಬ್ಬ ಕೇಳಿದ. ಎರಡು ವರ್ಷ ಹಾರಿಸಿದ ಕಂಟ್ರೋಲ್ ಲೈನ್ ವಿಮಾನ ಅದು, ಅಂದರೆ ತಂತಿಯಲ್ಲಿ ಹಿಡಿದು ಸುತ್ತ ಹಾರಿಸುವ ಮಾದರಿ ವಿಮಾನ. ಹೊಸದರಲ್ಲಿ ಗೆರೆ ಎಳೆದ ಹಾಗೆ ಒಂದೇ ಎತ್ತರದಲ್ಲಿ ಸುತ್ತುತ್ತಿತ್ತು. ಈಗ ಸ್ವಲ್ಪ ಏಳುತ್ತದೆ, ತಡೆದರೆ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಅವನ ಮಣಿಕಟ್ಟು ಪೂರ್ತಿ ಹಾರಾಟ ಅದನ್ನೇ ತಿದ್ದುತ್ತಿರುತ್ತದೆ.

ಸೀಸದ ಮಾತು ಆಮೇಲೆ ಅಂದೆ. ರೆಕ್ಕೆಯ ತುದಿಯಲ್ಲಿ ಹೊರಗೆ ಬಂದಿರುವ ಎರಡು ಲೀಡ್‌ಔಟ್ ತಂತಿಗಳನ್ನೂ ಬಟ್ಟೆ ಕ್ಲಿಪ್ಪಿನಿಂದ ಕಚ್ಚಿಸಿದೆ. ಬಾಲದಲ್ಲಿ ಏಳುವ ಇಳಿಯುವ ಹಲಗೆಯೇ ಎಲಿವೇಟರ್. ಅದರ ಹಿಂದಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಟಿಕ್, ಟಿಕ್. ತಂತಿ ಕದಲಿಲ್ಲ, ಎಲಿವೇಟರ್ ಮಾತ್ರ ನಾಲ್ಕೈದು ಮಿಲಿಮೀಟರ್ ಆಡಿತು. ಮೆಕ್ಯಾನಿಕ್‌ಗಳು ಇದನ್ನೇ "ಪ್ಲೇ ಬಂದಿದೆ" ಅನ್ನುವುದು.

ಈ ವಿಮಾನ ನೋಡದವರಿಗೆ ಎರಡು ಮಾತು. ಇಲ್ಲಿ ರೇಡಿಯೋ ಇಲ್ಲ. ಹಾರಿಸುವವರು ಮಧ್ಯೆ ನಿಂತು ಹ್ಯಾಂಡಲ್ ಹಿಡಿಯುತ್ತಾರೆ. ಅದರಿಂದ ಹೊರಟ ಎರಡು ಉಕ್ಕಿನ ತಂತಿ ವಿಮಾನದ ರೆಕ್ಕೆ ತುದಿಯ ಲೀಡ್‌ಔಟುಗಳಿಗೆ ಕೂಡುತ್ತವೆ. ಅಂತರರಾಷ್ಟ್ರೀಯ ಸ್ಟಂಟ್ ಸ್ಪರ್ಧೆಯಲ್ಲಿ ತಂತಿಯ ಉದ್ದ 15ರಿಂದ 21.5 ಮೀಟರ್. ರೆಕ್ಕೆಯೊಳಗೆ ಲೀಡ್‌ಔಟುಗಳನ್ನು ಕಟ್ಟಿದ ಬೆಲ್‌ಕ್ರ್ಯಾಂಕ್ ಎಂಬ ತ್ರಿಕೋನದ ತುಂಡು ಒಂದು ಮೊಳೆಯ ಮೇಲೆ ತಿರುಗುತ್ತದೆ. ಅದು ಪುಶ್‌ರಾಡ್ ಕಡ್ಡಿಯನ್ನು ಹಿಂದೆ ಮುಂದೆ ಮಾಡುತ್ತದೆ, ಕಡ್ಡಿ ಎಲಿವೇಟರಿಗೆ ಕೂರಿಸಿದ ಹಾರ್ನ್ ಎಂಬ ಸಣ್ಣ ಸನ್ನೆಯನ್ನು ತಳ್ಳುತ್ತದೆ, ಎಲಿವೇಟರ್ ಏಳುತ್ತದೆ ಅಥವಾ ಇಳಿಯುತ್ತದೆ. 1940ರ ಸುಮಾರಿಗೆ ಅಮೆರಿಕದ ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್ ಈ ಏರ್ಪಾಟನ್ನು ಮನೆಮಾತು ಮಾಡಿದರು. ಅಂದಿನಿಂದ ಇದರ ಮೂಳೆಗಳು ಹೆಚ್ಚು ಬದಲಾಗಿಲ್ಲ. ನಮ್ಮಲ್ಲಿ ಇದನ್ನು ಉಳಿಸಿಕೊಂಡು ಬಂದವರಲ್ಲಿ ಎನ್‌ಸಿಸಿ ಏರ್ ವಿಂಗ್ ಮುಖ್ಯ. ಎಷ್ಟೋ ಕನ್ನಡದ ಹುಡುಗ ಹುಡುಗಿಯರು ಮೊದಲ ಸಲ ಹ್ಯಾಂಡಲ್ ಹಿಡಿದದ್ದು ಅಲ್ಲೇ.

ಎಲ್ಲರಿಗೂ ತಂತಿಯ ಎಳೆತದ್ದೇ ಭಯ. ಭಯಕ್ಕೆ ಕಾರಣವೂ ಇದೆ. 1.6 ಕಿಲೋ ತೂಕದ ವಿಮಾನ 20 ಮೀಟರ್ ತಂತಿಯಲ್ಲಿ 5 ಸೆಕೆಂಡಿಗೆ ಒಂದು ಸುತ್ತು ಹಾಕಿದರೆ ಕೈಗೆ ಸುಮಾರು 5 ಕಿಲೋ ಎಳೆತ ಬರುತ್ತದೆ. ಆದರೆ ಮೊದಲು ಸವೆಯುವುದು ಈ ಎಳೆತ ಹೊರುವ ಜಾಗವಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ಭಾರ ಹೊರುವ ಪುಶ್‌ರಾಡ್ ತುದಿಯ ತೂತು. ಅಲ್ಲಿ ಸವೆಸುವುದು ಎಂಜಿನ್ನಿನ ನಡುಕ. ನಿಮಿಷಕ್ಕೆ 10,000 ಸುತ್ತು ತಿರುಗುವ ಎಂಜಿನ್ 6 ನಿಮಿಷದ ಹಾರಾಟದಲ್ಲಿ 60,000 ಸಲ ಆ ಕಡ್ಡಿಯನ್ನು ಕುಟ್ಟುತ್ತದೆ. ನೀವು ಹ್ಯಾಂಡಲ್ ಅಲ್ಲಾಡಿಸದೆ ಸುಮ್ನೆ ನಿಂತಿದ್ದರೂ ಕುಟ್ಟುತ್ತದೆ. ಕಡ್ಡಿ ಮಾಡುವ ಪಿಯಾನೋ ವೈರ್ ಗಟ್ಟಿ ಉಕ್ಕು, ಹಾರ್ನ್ ಅಲ್ಯೂಮಿನಿಯಂ ಅಥವಾ ತೆಳು ಹಿತ್ತಾಳೆ ತಗಡು. ದುಂಡಗಿದ್ದ ತೂತು ನಿಧಾನಕ್ಕೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಅರ್ಧ ಮಿಲಿಮೀಟರ್ ತಾನೇ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಹಾರ್ನಿನ ತೂತು ಕೀಲಿನಿಂದ 15 ಮಿ.ಮೀ. ಎತ್ತರದಲ್ಲಿದೆ, ಎಲಿವೇಟರಿನ ಅಗಲ 50 ಮಿ.ಮೀ. ತೂತಿನ ಅರ್ಧ ಮಿ.ಮೀ. ಪ್ಲೇ ಹಿಂದಿನ ಅಂಚಿನಲ್ಲಿ 1.7 ಮಿ.ಮೀ. ಆಗುತ್ತದೆ. ಬೆಲ್‌ಕ್ರ್ಯಾಂಕ್ ಕಡೆಯ ತೂತೂ ಹಾಗೇ ಸವೆದಿರುತ್ತದೆ, ನಡುವಿನ ಮೊಳೆಯೂ ಸ್ವಲ್ಪ ಸಡಿಲ. ಮೂರೂ ಸೇರಿದರೆ ನಮ್ಮ ಹುಡುಗನ ವಿಮಾನದ ಕಥೆ. ಹಾರ್ನಿನ ಎತ್ತರ 25 ಮಿ.ಮೀ. ಇದ್ದಿದ್ದರೆ ಅದೇ ಅರ್ಧ ಮಿ.ಮೀ. ಹಿಂದಿನ ಅಂಚಿನಲ್ಲಿ ಒಂದೇ ಮಿ.ಮೀ. ಆಗುತ್ತಿತ್ತು. ಅದಕ್ಕೇ ಎತ್ತರದ ಹಾರ್ನ್, ದೊಡ್ಡ ಬೆಲ್‌ಕ್ರ್ಯಾಂಕ್ ಹಾಕಿ ಅಂತ ನಾನು ಹಟ ಹಿಡಿಯುವುದು. ಜಾಗ ಇದ್ದರೆ 3 ಇಂಚಿನ ಬದಲು 4 ಇಂಚಿನ ಬೆಲ್‌ಕ್ರ್ಯಾಂಕ್ ಹಾಕಿ. ಸವೆತ ಅಷ್ಟೇ ಇದ್ದರೂ ವಿಮಾನಕ್ಕೆ ಅದು ಕಡಿಮೆ ತಾಗುತ್ತದೆ.

ಯಾವುದಕ್ಕೆ ಯಾವುದು ಜೋಡಿ ಅನ್ನುವುದೂ ಮುಖ್ಯ. ಉಕ್ಕಿನ ಕಡ್ಡಿಗೆ ನೈಲಾನ್ ಹಾರ್ನ್ ಒಳ್ಳೆಯ ಜೋಡಿ. ನೈಲಾನ್ ನಡುಕವನ್ನು ನುಂಗುತ್ತದೆ, ಎಣ್ಣೆಯನ್ನೂ ಕೇಳುವುದಿಲ್ಲ. ಅಲ್ಯೂಮಿನಿಯಂ ಬೆಲ್‌ಕ್ರ್ಯಾಂಕ್ ಆದರೆ ಮೂರು ತೂತಿಗೂ, ನಡುವಿನ ಮೊಳೆಗೂ ಹಿತ್ತಾಳೆ ಬುಷ್, ಅಂದರೆ ತೂತಿನೊಳಗೆ ಕೂರುವ ಸಣ್ಣ ಕೊಳವೆ, ಬೇಕೇ ಬೇಕು. ಬುಷ್ ಸವೆದರೆ ಬದಲಾಯಿಸಬಹುದು, ಬೆಲ್‌ಕ್ರ್ಯಾಂಕ್ ಸವೆದರೆ ರೆಕ್ಕೆಯನ್ನೇ ಕೊಯ್ಯಬೇಕು. ಬಾಲ್ ಲಿಂಕ್, ಅಂದರೆ ಗುಂಡನ್ನು ಬಟ್ಟಲು ಕಚ್ಚಿ ಹಿಡಿಯುವ ಕೀಲು, ಹಾಕಿದರೆ ಪ್ಲೇ ಇರುವುದೇ ಇಲ್ಲ ಅನ್ನುತ್ತಾರೆ. ಹೊಸದರಲ್ಲಿ ಅದು ನಿಜ. ಆದರೆ ಅದರ ಪ್ಲಾಸ್ಟಿಕ್ ಬಟ್ಟಲೂ ಸವೆಯುತ್ತದೆ, ಸವೆದ ಬಟ್ಟಲು ಗುಂಡಿನಿಂದ ಕಳಚಿಕೊಳ್ಳಬಹುದು. ಗುಂಡಿನ ಹೊರಗೆ ಅಗಲದ ಒಂದು ವಾಶರ್ ಹಾಕಿ ಬಿಗಿದರೆ ಬಟ್ಟಲು ಸಡಿಲವಾದರೂ ಹೊರಗೆ ಬೀಳುವುದಿಲ್ಲ.

ಎಣ್ಣೆಯ ವಿಷಯ. ನಮ್ಮ ಇಂಧನದಲ್ಲಿ ಮೆಥನಾಲ್ ಜೊತೆ ಹರಳೆಣ್ಣೆ ಇರುತ್ತದೆ. ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ಬೆಳೆದವರು ಹರಳೆಣ್ಣೆ ಇದ್ದರೆ ಒಳ್ಳೆಯದೇ ಅಲ್ವಾ ಅನ್ನುತ್ತಾರೆ. ಎಂಜಿನ್ನಿನೊಳಗೆ ಹೌದು. ಹೊರಗೆ ಬಿದ್ದದ್ದು ಒಣಗಿ ಅಂಟಾಗುತ್ತದೆ. ಮೈದಾನದ ಕೆಮ್ಮಣ್ಣು ಅದಕ್ಕೆ ಮೆತ್ತಿದರೆ ಸಾಣೆ ಹಿಡಿಯುವ ಪೇಸ್ಟೇ ತಯಾರಾಯಿತು. ಹಾರಾಟ ಮುಗಿದ ತಕ್ಷಣ ಒರೆಸಿ, ನಾಳೆಗೆ ಬಿಡಬೇಡಿ. ಗಟ್ಟಿಯಾಗಿದ್ದರೆ ಮೆಥನಾಲ್‌ನಲ್ಲಿ ಅದ್ದಿದ ಬಟ್ಟೆ ಸಾಕು. ಕೈಗೆ ಗ್ಲೌಸ್ ಇರಲಿ, ಗಾಳಿ ಆಡುವ ಜಾಗ ಇರಲಿ, ಹತ್ತಿರ ಬೆಂಕಿ ಬೇಡ.

ಇನ್ನು ನನಗೆ ನಿಜವಾಗಿ ಭಯ ಹುಟ್ಟಿಸುವ ಜಾಗ, ಲೀಡ್‌ಔಟ್. ಅದರ ಒಂದು ತುದಿ ಎಲ್ಲರಿಗೂ ಕಾಣುತ್ತದೆ. ರೆಕ್ಕೆ ತುದಿಯ ಗೈಡಿನಲ್ಲಿ ತಂತಿ ಹಿಂದೆ ಮುಂದೆ ಉಜ್ಜುತ್ತಾ ಗೀರು ತೆಗೆದಿರುತ್ತದೆ. ಹಳೆಯ ಬಾವಿಯ ಕಲ್ಲಿನ ಮೇಲೆ ಹಗ್ಗ ತೆಗೆದ ಗೀರು ನೋಡಿದ್ದೀರಲ್ಲ, ಹಾಗೆ. ಗೀರಿನ ಅಂಚು ಹರಿತವಾದರೆ ಅದು ತಿರುಗಿ ತಂತಿಯನ್ನೇ ತಿನ್ನುತ್ತದೆ. ಇನ್ನೊಂದು ತುದಿ ಬೆಲ್‌ಕ್ರ್ಯಾಂಕಿನ ಹತ್ತಿರ, ಮುಚ್ಚಿದ ರೆಕ್ಕೆಯೊಳಗೆ.

ಕೆಲವು ವರ್ಷಗಳ ಹಿಂದೆ ನನ್ನದೇ ಸ್ಟಂಟ್ ವಿಮಾನ ಹೀಗೆ ಹೋಯಿತು. ಬೆಳಿಗ್ಗೆ ಎಳೆತದ ಪರೀಕ್ಷೆ ಮಾಡಿದ್ದೆ. ಸ್ಟಂಟ್ ಸ್ಪರ್ಧೆಯ ನಿಯಮದಂತೆ ವಿಮಾನದ ತೂಕದ 10 ಪಟ್ಟು, ಅಂದರೆ 16 ಕಿಲೋ. ತಂತಿ ಜಗ್ಗಲಿಲ್ಲ. ಎರಡನೇ ಹಾರಾಟದಲ್ಲಿ ಲೂಪ್ ಮಾಡುವಾಗ ಮೇಲಕ್ಕೆ ಎತ್ತುವ ತಂತಿ ಸಟ್ಟನೆ ಹಗುರವಾಯಿತು. ಒಂದು ತಂತಿ ಹೋದರೆ ಉಳಿದ ತಂತಿ ಬೆಲ್‌ಕ್ರ್ಯಾಂಕನ್ನು ಪೂರ್ತಿ ತನ್ನ ಕಡೆಗೆ ಎಳೆಯುತ್ತದೆ. ವಿಮಾನ ನೇರ ನೆಲಕ್ಕೆ ಬಡಿಯಿತು. ನನ್ನನ್ನು ಬಿಟ್ಟರೆ ಸುತ್ತಿನೊಳಗೆ ಯಾರೂ ಇರಲಿಲ್ಲ.

ರೆಕ್ಕೆ ಬಿಚ್ಚಿ ನೋಡಿದೆ. ಹೆಣೆದ ಕೇಬಲ್ ಬೆಲ್‌ಕ್ರ್ಯಾಂಕಿನ ತೂತಿನ ಹತ್ತಿರವೇ ತುಂಡಾಗಿತ್ತು. ಮುರಿದ ಎಳೆಗಳಲ್ಲಿ ಮುಕ್ಕಾಲು ಪಾಲು ಕಪ್ಪಾಗಿದ್ದವು, ಕೆಲವು ಮಾತ್ರ ಹೊಳೆಯುತ್ತಿದ್ದವು. ಕಪ್ಪು ಎಳೆಗಳು ತಿಂಗಳುಗಳ ಹಿಂದೆಯೇ ಒಂದೊಂದಾಗಿ ಮುರಿದಿದ್ದವು. ಉಳಿದ ನಾಲ್ಕು ಎಳೆ ಆ ಬೆಳಗಿನ 16 ಕಿಲೋವನ್ನೂ ತಡೆದಿದ್ದವು, ಆಮೇಲೆ ಬಾಗಿ ಬಾಗಿ ಸೋತವು. ತಪ್ಪು ಕಟ್ಟುವಾಗಲೇ ಆಗಿತ್ತು. ಕುಣಿಕೆಯನ್ನು ನಾನು ತೀರಾ ಬಿಗಿಯಾಗಿ ಸುತ್ತಿದ್ದೆ. ಬೆಲ್‌ಕ್ರ್ಯಾಂಕ್ ತಿರುಗಿದಾಗ ಕುಣಿಕೆ ತೂತಿನಲ್ಲಿ ತಿರುಗಬೇಕಿತ್ತು. ತಿರುಗಲು ಜಾಗ ಇಲ್ಲದೆ ಕೇಬಲ್ಲೇ ಬಾಗುತ್ತಿತ್ತು. ಈಗ ಕುಣಿಕೆಯೊಳಗೆ ಬುಷ್ ಇಟ್ಟೇ ಸುತ್ತುತ್ತೇನೆ, ಬೆರಳಲ್ಲಿ ಮುಟ್ಟಿದರೆ ತನ್ನಷ್ಟಕ್ಕೆ ತೂಗಬೇಕು. ಪ್ರತಿ ರೆಕ್ಕೆಯ ಅಡಿಯಲ್ಲಿ ಬೆಲ್‌ಕ್ರ್ಯಾಂಕ್ ಕಾಣುವಷ್ಟು ಒಂದು ಸಣ್ಣ ಮುಚ್ಚಳ ಬಿಡುತ್ತೇನೆ. ತಿಂಗಳಿಗೊಮ್ಮೆ ಹತ್ತಿಯ ಚೂರನ್ನು ಕೇಬಲ್ ಉದ್ದಕ್ಕೂ ಸವರುತ್ತೇನೆ. ಒಂದೇ ಎಳೆ ಮುರಿದಿದ್ದರೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಆ ಕೇಬಲ್ ಕಸಕ್ಕೆ. ಹೊರಗಿನ ತಂತಿಗೂ ಇದೇ ನಿಯಮ. ಒಮ್ಮೆ ಗಂಟು ಮಡಿಕೆ ಬಿದ್ದ ತಂತಿಯನ್ನು ನೆಟ್ಟಗೆ ಮಾಡಿ ಮತ್ತೆ ಹಾರಿಸಬೇಡಿ.

ಪಿಯಾನೋ ವೈರ್ ಬಗ್ಗಿಸುವಾಗ ಚೂಪು ಮೂಲೆ ಬೇಡ, ಇಕ್ಕಳದ ಹಲ್ಲಿನ ಗುರುತೂ ಬೇಡ. ಬಿರುಕು ಶುರುವಾಗುವುದು ಅಲ್ಲಿಂದಲೇ. ಹಿತ್ತಾಳೆ ಹಾರ್ನನ್ನು ಈ ವೈರಿಗೆ ಕೂಡಿಸಲು ರೇಡಿಯೋ ರಿಪೇರಿಯ ಮೆತ್ತನೆ ಬೆಸುಗೆಯನ್ನಷ್ಟೇ ನಂಬಬೇಡಿ, ಬೆಳ್ಳಿ ಬೆಸುಗೆ ಹಾಕಿಸಿ.

ಹುಡುಗನ ವಿಮಾನಕ್ಕೆ ಬರೋಣ. ಹಾರ್ನ್ ತೂತನ್ನು ದೊಡ್ಡದಾಗಿ ಕೊರೆದು ಹಿತ್ತಾಳೆ ಕೊಳವೆಯ ಚೂರು ಕೂರಿಸಿದೆವು. ಅರ್ಧ ಗಂಟೆಯ ಕೆಲಸ. ಎಲಿವೇಟರಿನ ಆಟ ಕಡಿಮೆಯಾಯಿತು, ವಿಮಾನ ಸುಮಾರಾಗಿ ನೆಟ್ಟಗೆ ಹೋಯಿತು. ಉಳಿದ ಪ್ಲೇ ಬೆಲ್‌ಕ್ರ್ಯಾಂಕಿನದು, ಅದರ ರೆಕ್ಕೆಗೆ ಮುಚ್ಚಳ ಇಲ್ಲ. ಭಾನುವಾರ ರೆಕ್ಕೆ ಕೊಯ್ಯೋಣ, ಹೊಸ ಬ್ಲೇಡ್ ತಗೊಂಡು ಬಾ, ಅಲ್ಲಿಯವರೆಗೆ ಹಾರಿಸಬೇಡ ಅಂದಿದ್ದೇನೆ.