ನೀಲಿಗೂ ಹಳದಿಗೂ ನಡುವೆ ಬೂದು ಎಲ್ಲಿಂದ ಬಂತು?

ವೆಕ್ಟರ್ ಚಿತ್ರ ಬಿಡಿಸುವ ಯಾವುದಾದರೂ ಸಾಫ್ಟ್‌ವೇರ್ ತೆರೆಯಿರಿ. ಇಂಕ್‌ಸ್ಕೇಪ್ ಆದರೂ ಸರಿ, ಇಲ್ಲಸ್ಟ್ರೇಟರ್ ಆದರೂ ಸರಿ. ಒಂದು ಉದ್ದನೆಯ ಆಯತ ಎಳೆದು ಅದಕ್ಕೆ ಗ್ರೇಡಿಯಂಟ್, ಅಂದರೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಾಗುವ ಇಳಿತ, ತುಂಬಿ. ಎಡತುದಿಗೆ ಅಚ್ಚ ನೀಲಿ, ಬಲತುದಿಗೆ ಅಚ್ಚ ಹಳದಿ. ಈಗ ಸರಿಯಾಗಿ ನಡುವೆ ಏನಿದೆ ನೋಡಿ. ಎರಡೂ ತುದಿ ಝಗಝಗ ಎನ್ನುತ್ತಿವೆ. ನಡುವೆ ಮಾತ್ರ ಜೀವವಿಲ್ಲದ ಬೂದು ಬಣ್ಣ.

ಮೊದಲ ಸಲ ಇದನ್ನು ಕಂಡಾಗ ಬಣ್ಣದ ಸಂಖ್ಯೆ ತಪ್ಪಾಗಿ ಕೊಟ್ಟೆನೇನೋ ಎಂದು ಮತ್ತೆ ಮತ್ತೆ ನೋಡಿದ್ದೆ. ನೀಲಿ, ಹಳದಿ ಕಲಸಿದರೆ ಹಸಿರು ಬರಬೇಕು, ಅಲ್ವಾ? ಕುಂಚ ಹಿಡಿದ ಮಗುವಿಗೂ ಇದು ಗೊತ್ತು. ಆದರೆ ಸಾಫ್ಟ್‌ವೇರ್ ಬಣ್ಣ ಕಲಸುವುದಿಲ್ಲ, ಲೆಕ್ಕ ಮಾಡುತ್ತದೆ. ಆ ಲೆಕ್ಕಕ್ಕೂ ನಮ್ಮ ಕಣ್ಣಿಗೂ ಎಲ್ಲಿ ತಾಳ ತಪ್ಪುತ್ತದೆ ಎಂಬುದು ಗೊತ್ತಾದರೆ ಗ್ರೇಡಿಯಂಟ್ ಕೆಲಸ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಲೆಕ್ಕ ತುಂಬ ಸರಳ. ಪರದೆಯ ಮೇಲಿನ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳು. ಪ್ರತಿಯೊಂದೂ 0ಯಿಂದ 255ರವರೆಗೆ. ಅಚ್ಚ ನೀಲಿ ಎಂದರೆ 0, 0, 255. ಹಳದಿ ಎಂದರೆ 255, 255, 0. ಎರಡರ ಸರಾಸರಿ ತೆಗೆಯಿರಿ: 128, 128, 128. ಮೂರೂ ಸಮ ಬಂದರೆ ಅದು ಬೂದು. ಸಾಫ್ಟ್‌ವೇರ್ ಎಲ್ಲೂ ತಪ್ಪು ಮಾಡಿಲ್ಲ.

ವೆಕ್ಟರ್ ಚಿತ್ರದ ಸೊಗಸು ಇರುವುದೂ ಈ ಲೆಕ್ಕದಲ್ಲೇ. ಫೋಟೋದಂತೆ ಒಂದೊಂದು ಚುಕ್ಕೆಯ ಬಣ್ಣವನ್ನೂ ಅದು ಬರೆದಿಡುವುದಿಲ್ಲ. ಗ್ರೇಡಿಯಂಟ್ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ದಾರಿಯಲ್ಲಿ ಯಾವ ಯಾವ ಜಾಗಕ್ಕೆ ಯಾವ ಬಣ್ಣ, ಇಷ್ಟೇ ಬರೆದಿಡುತ್ತದೆ. ಬಣ್ಣ ಕೊಟ್ಟ ಆ ಜಾಗಗಳಿಗೆ ಸ್ಟಾಪ್ ಎಂದು ಹೆಸರು. ಉಳಿದದ್ದೆಲ್ಲ ತೋರಿಸುವ ಹೊತ್ತಿಗೆ ಲೆಕ್ಕ ಹಾಕಿ ತುಂಬಿಕೊಳ್ಳುವುದು. ಹಾಗಾಗಿ ಅದೇ ಚಿತ್ರವನ್ನು ಅಂಚೆಚೀಟಿಯಷ್ಟು ಸಣ್ಣದಾಗಿಯೂ ಗೋಡೆಯಷ್ಟು ದೊಡ್ಡದಾಗಿಯೂ ಮಾಡಬಹುದು.

ಈ ಸೌಲಭ್ಯ ಮೊದಲಿನಿಂದ ಇರಲಿಲ್ಲ. 1984ರಲ್ಲಿ ಬಂದ, ಪ್ರಿಂಟರಿಗೆ ಪುಟವನ್ನು ವಿವರಿಸಿ ಹೇಳುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆಗೆ ನಯವಾದ ಬಣ್ಣದ ಇಳಿತ ಎಂಬ ಆಜ್ಞೆಯೇ ಗೊತ್ತಿರಲಿಲ್ಲ. ಚಿತ್ರದ ಸಾಫ್ಟ್‌ವೇರ್‌ಗಳು ಗ್ರೇಡಿಯಂಟನ್ನು ನೂರಾರು ತೆಳು ಪಟ್ಟಿಗಳಾಗಿ ಕತ್ತರಿಸಿ ಪ್ರಿಂಟರಿಗೆ ಕಳಿಸುತ್ತಿದ್ದವು. 1997ರ ಪೋಸ್ಟ್‌ಸ್ಕ್ರಿಪ್ಟ್ 3ರಲ್ಲಿ ಅದು ನೇರ ಆಜ್ಞೆಯಾಯಿತು. 2001ರಲ್ಲಿ ವೆಬ್‌ನ ವೆಕ್ಟರ್ ಚಿತ್ರಗಳಿಗಾಗಿ ಎಸ್‌ವಿಜಿ ಮಾನದಂಡ ಬಂದಾಗ ಉದ್ದುದ್ದ ಹರಿಯುವ ಲೀನಿಯರ್, ನಡುವಿನಿಂದ ಸುತ್ತ ಹರಡುವ ರೇಡಿಯಲ್, ಎರಡೂ ಬಗೆಯ ಗ್ರೇಡಿಯಂಟ್ ಅದರೊಳಗಿದ್ದವು.

ಸರಾಸರಿಯ ಮಾತಿಗೆ ವಾಪಸು ಬರೋಣ. ಬೂದು ಬಂದದ್ದು ಸರಿ, ಅಷ್ಟು ಮಂಕಾಗಿ ಯಾಕೆ ಬಂತು?

255 ಎಂದರೆ ಪೂರ್ತಿ ಬೆಳಕು. ಹಾಗಾದರೆ 128 ಎಂದರೆ ಅರ್ಧ ಬೆಳಕು ಎಂದು ಯಾರಿಗಾದರೂ ಅನಿಸುತ್ತದೆ. ಹಾಗಿಲ್ಲ. ಪರದೆಯ ಮೇಲೆ 128 ಕೊಟ್ಟರೆ ಹೊರಬರುವ ಬೆಳಕು ಪೂರ್ತಿಯ ಶೇ. 22ರಷ್ಟು ಮಾತ್ರ. ನಿಜವಾದ ಅರ್ಧ ಬೆಳಕು ಬೇಕೆಂದರೆ 188 ಕೊಡಬೇಕು. ಹಳೆಯ ಗಾಜಿನ ಕೊಳವೆಯ ಟೀವಿಗಳು ವಿದ್ಯುತ್ತನ್ನು ಬೆಳಕಾಗಿಸುತ್ತಿದ್ದ ರೀತಿಯೇ ಹೀಗಿತ್ತು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಎಸ್‌ಆರ್‌ಜಿಬಿ ಪದ್ಧತಿ ಆ ಬಾಗನ್ನೇ ನಿಯಮ ಮಾಡಿಕೊಂಡಿತು. ಇಂದಿಗೂ ಬಹುಪಾಲು ಪರದೆ, ಫೋಟೋ, ವೆಬ್ ಪುಟ ನಡೆಯುವುದು ಅದರ ಮೇಲೆ.

ಇದು ಬರೀ ಹಳೆಯ ಯಂತ್ರದ ಬಳುವಳಿ ಅಂದುಕೊಳ್ಳಬೇಡಿ. ನಮ್ಮ ಕಣ್ಣೂ ಹಾಗೇ ಇದೆ. ಕತ್ತಲ ಕೋಣೆಯಲ್ಲಿ ಒಂದು ಮೊಂಬತ್ತಿ ಹಚ್ಚಿದರೆ ಎಲ್ಲ ಬದಲಾಗುತ್ತದೆ. ನೂರು ಮೊಂಬತ್ತಿ ಉರಿಯುವ ಕಡೆ ಇನ್ನೊಂದು ಹಚ್ಚಿದರೆ ಗೊತ್ತೇ ಆಗುವುದಿಲ್ಲ. ಕಣ್ಣು ಎಣಿಸುವುದು ಎಷ್ಟು ಪಟ್ಟು ಹೆಚ್ಚಾಯಿತು ಎಂಬುದನ್ನು. ಜರ್ಮನಿಯ ವಿಜ್ಞಾನಿ ಫೆಕ್ನರ್ 1860ರಲ್ಲಿ ಇದನ್ನು ಗಣಿತದ ಸೂತ್ರವಾಗಿಯೇ ಬರೆದ. ನಸುಗತ್ತಲ ಭಾಗದಲ್ಲಿ ನಮಗೆ ಸಣ್ಣ ವ್ಯತ್ಯಾಸವೂ ಕಾಣುತ್ತದೆ. ಹಾಗಾಗಿ 256 ಮೆಟ್ಟಿಲುಗಳಲ್ಲಿ ಜಾಸ್ತಿ ಪಾಲನ್ನು ಕತ್ತಲ ಕಡೆಗೆ ಕೊಟ್ಟಿರುವುದು ಜಾಣತನವೇ.

ಆದರೆ ಎರಡು ಬಣ್ಣ ಬೆರೆಸುವಾಗ ಇದೇ ಜಾಣತನ ಕೈಕೊಡುತ್ತದೆ. ಕೆಂಪಿನಿಂದ ಹಸಿರಿಗೆ ಗ್ರೇಡಿಯಂಟ್ ಹಾಕಿ ನೋಡಿ. ನಡುವೆ 128, 128, 0. ಕೆಸರಿನಂಥ ಕಂದು. ಕೆಂಪು ದೀಪ, ಹಸಿರು ದೀಪ ಎರಡನ್ನೂ ಅರ್ಧರ್ಧ ಉರಿಸಿ ಬಿಳಿ ಗೋಡೆಗೆ ಹಿಡಿದರೆ ಬರುವುದು 188, 188, 0. ಅದು ಹಳದಿ ಎಂದು ಒಪ್ಪಬಹುದಾದ ಬಣ್ಣ. ಹಾಗಾದರೆ ಯಾವಾಗಲೂ ಬೆಳಕಿನ ಲೆಕ್ಕದಲ್ಲೇ ಬೆರೆಸಬೇಕೇ? ಅದೂ ಸರಿಯಾಗದು. ಕಪ್ಪಿನಿಂದ ಬಿಳಿಗೆ ಹೋಗುವ ಗ್ರೇಡಿಯಂಟನ್ನು ಬೆಳಕಿನ ಲೆಕ್ಕದಲ್ಲಿ ಹಾಕಿದರೆ ಕಪ್ಪು ತುದಿಯಲ್ಲೇ ಮುದುಡಿಕೊಂಡು, ಪಟ್ಟಿಯ ತುಂಬ ಬಿಳಿಯೇ ಕಾಣುತ್ತದೆ. ಕಣ್ಣಿಗೆ ನಡು ಎನಿಸುವುದು ಬೇರೆ, ಬೆಳಕಿನ ನಡು ಬೇರೆ.

ಕಣ್ಣಿಗೆ ಸಮ ಎನಿಸುವ ಹೆಜ್ಜೆಗಳನ್ನೇ ಅಳತೆಗೋಲು ಮಾಡಿಕೊಳ್ಳುವ ಪ್ರಯತ್ನ ಹಳೆಯದು. ಅಂತರರಾಷ್ಟ್ರೀಯ ಬೆಳಕಿನ ಆಯೋಗ 1976ರಲ್ಲಿ ಲ್ಯಾಬ್ ಎಂಬ ಬಣ್ಣದ ನಕ್ಷೆ ಕೊಟ್ಟಿತು. ಒಳ್ಳೆಯ ನಕ್ಷೆ, ಆದರೆ ನೀಲಿಯಿಂದ ಬಿಳಿಗೆ ಹೋಗುವಾಗ ದಾರಿಯಲ್ಲಿ ನೇರಳೆಗೆ ತಿರುಗಿಬಿಡುತ್ತದೆ. 2020ರಲ್ಲಿ ಬ್ಯೋರ್ನ್ ಒಟೊಸನ್ ಎಂಬ ಎಂಜಿನಿಯರ್ ಆ ದೋಷ ತಿದ್ದಿ ಓಕೆಲ್ಯಾಬ್ ಎಂಬ ನಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಈಗ ವೆಬ್‌ನ ಬಣ್ಣದ ನಿಯಮಗಳಲ್ಲೂ ಅದು ಸೇರಿದೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ಆಯ್ಕೆ ಕಂಡರೆ ಬಿಡಬೇಡಿ. ಕೆಸರು ಬಣ್ಣ ಬಹುಮಟ್ಟಿಗೆ ತಿಳಿಯಾಗುತ್ತದೆ.

ಬಹುಮಟ್ಟಿಗೆ ಎಂದೆ. ನೀಲಿ-ಹಳದಿಯ ಸಮಸ್ಯೆ ಅಲ್ಲೂ ಪೂರ್ತಿ ಹೋಗುವುದಿಲ್ಲ. ಬಣ್ಣಗಳನ್ನು ಒಂದು ಚಕ್ರದ ಮೇಲೆ ಜೋಡಿಸಿದ್ದಾರೆ ಎಂದುಕೊಳ್ಳಿ. ಅಂಚಿನಲ್ಲಿ ಗಾಢ ಬಣ್ಣಗಳು, ನಟ್ಟನಡುವೆ ಬೂದು. ನೀಲಿ, ಹಳದಿ ಎದುರುಬದುರು ಕೂತಿವೆ. ಒಂದರಿಂದ ಇನ್ನೊಂದಕ್ಕೆ ನೇರ ಗೆರೆ ಎಳೆದರೆ ಅದು ನಡುವಿನ ಬೂದಿನ ಹತ್ತಿರದಿಂದಲೇ ಹಾದುಹೋಗಬೇಕು. ಯಾವ ನಕ್ಷೆ ತಂದರೂ ಇದು ತಪ್ಪದು. ಬೂದು ಬೇಡ ಎಂದರೆ ಚಕ್ರದ ಅಂಚು ಹಿಡಿದು ಬಳಸಿ ಹೋಗಬೇಕು. ಅಂದರೆ ನಡುವೆ ಮೂರನೆಯ ಸ್ಟಾಪ್ ಹಾಕಬೇಕು. ಹಸಿರಿನ ಕಡೆಯಿಂದ ಹೋಗಬಹುದು, ಗುಲಾಬಿಯ ಕಡೆಯಿಂದಲೂ ಹೋಗಬಹುದು. ಯಾವ ಕಡೆ ಎಂಬುದು ಚಿತ್ರ ಬರೆಯುವವರ ಮನಸ್ಸು. ಸೂರ್ಯ ಮುಳುಗಿದ ಮೇಲಿನ ಆಕಾಶವನ್ನು ಒಮ್ಮೆ ನಿಧಾನವಾಗಿ ನೋಡಿ. ಕೆಳಗೆ ಕಿತ್ತಳೆ, ಮೇಲೆ ನೀಲಿ. ನಡುವೆ ಕೊಳಕು ಬೂದು ಎಲ್ಲೂ ಇಲ್ಲ. ತಿಳಿ ಹಳದಿ, ಬಣ್ಣವೇ ಇಲ್ಲದಂಥ ಒಂದು ಮಾಸಲು ಬಿಳಿ, ಆಮೇಲೆ ನೀಲಿ. ಬಣ್ಣ ಬಾಡುತ್ತದೆ, ಬೆಳಕು ಬಾಡುವುದಿಲ್ಲ. ನಾನು ಗ್ರೇಡಿಯಂಟ್ ಕಲಿತದ್ದು ಮುಖ್ಯವಾಗಿ ಆಕಾಶ ನೋಡುತ್ತ.

ಮೂರನೆಯ ಸ್ಟಾಪ್ ಹಾಕಿದ ಕೂಡಲೇ ಹೊಸ ತೊಂದರೆ ಒಂದು ಹುಟ್ಟುತ್ತದೆ. ಆ ಸ್ಟಾಪ್ ಇರುವ ಜಾಗದಲ್ಲಿ ಸಣ್ಣ ಗೆರೆ ಕಂಡಂತಾಗುತ್ತದೆ. ಹಿಗ್ಗಿಸಿ ನೋಡಿದರೆ ಗೆರೆ ಇಲ್ಲ. ಸಂಖ್ಯೆಗಳಲ್ಲೂ ಇಲ್ಲ. ಆದರೂ ಕಾಣುತ್ತದೆ.

ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಕ್ 1865ರಲ್ಲಿ ಇದನ್ನು ವಿವರಿಸಿದ. ಶಬ್ದದ ವೇಗಕ್ಕೆ ಹೋಲಿಸಿ ವಿಮಾನದ ವೇಗ ಹೇಳುವಾಗ ಬರುತ್ತದಲ್ಲ ಮಾಕ್ ಸಂಖ್ಯೆ, ಅದೇ ಮಾಕ್. ಅಕ್ಷಿಪಟದಲ್ಲಿ ಒಂದೊಂದು ಜೀವಕೋಶವೂ ತನಗೆ ಬೆಳಕು ಬಿದ್ದಾಗ ಅಕ್ಕಪಕ್ಕದವನ್ನು ಸ್ವಲ್ಪ ಅದುಮುತ್ತದೆ. ಒಂದೇ ಸಮನೆ ಏರುವ ಬೆಳಕಿನಲ್ಲಿ ಒಂದು ಪಕ್ಕದ ಅದುಮು ಜಾಸ್ತಿ, ಇನ್ನೊಂದು ಪಕ್ಕದ್ದು ಕಡಿಮೆ, ಒಟ್ಟಿಗೆ ಸರಿದೂಗುತ್ತದೆ. ಏರು ಮುಗಿದು ದಿಕ್ಕು ಬದಲಾಗುವ ಶಿಖರದಲ್ಲಿ ಹಾಗಾಗುವುದಿಲ್ಲ. ಅಲ್ಲಿನ ಕೋಶಕ್ಕೆ ಎರಡೂ ಪಕ್ಕದಲ್ಲಿ ಕಡಿಮೆ ಬೆಳಕಿನ ನೆರೆಯವರು. ಅದುಮುವವರು ಕಡಿಮೆ, ಹಾಗಾಗಿ ಅದು ಇರುವುದಕ್ಕಿಂತ ಹೆಚ್ಚು ಹೊಳೆಯುತ್ತದೆ. ಈ ಅದುಮಾಟವನ್ನು ಹಾರ್ಸ್‌ಶೂ ಕ್ರ್ಯಾಬ್ ಎಂಬ ಕಡಲಜೀವಿಯ ಕಣ್ಣಿನಲ್ಲಿ ಅಳೆದು ತೋರಿಸಿದ ಹಾರ್ಟ್‌ಲೈನ್, 1967ರ ನೊಬೆಲ್ ಪಡೆದವರಲ್ಲಿ ಒಬ್ಬರು. ವಸ್ತುಗಳ ಅಂಚು ಬೇಗ ಕಾಣಲಿ ಎಂದು ಕಣ್ಣು ಮಾಡಿಕೊಂಡ ಏರ್ಪಾಡು ಇದು. ಗ್ರೇಡಿಯಂಟ್ ಹಾಕುವವರಿಗೆ ಮಾತ್ರ ಬೇಡದ ಕಡೆ ಗೆರೆ ಎಳೆದು ಕೊಡುತ್ತದೆ.

ಮದ್ದು ಇದೆ. ಬೆಳಕಿನ ಏರು ಥಟ್ಟನೆ ಮುರಿಯದಂತೆ ಬಾಗಿಸಬೇಕು. ಕಪ್ಪಿನಿಂದ ಬಿಳಿಗೆ ಹೋಗುವಾಗ ಬರೀ ಎರಡು ತುದಿ ಕೊಡುವ ಬದಲು ಐದು ಸ್ಟಾಪ್ ಕೊಡಿ. ಕಾಲು ಭಾಗ ದಾರಿಯಲ್ಲಿ ಶೇ. 16ರಷ್ಟು ಬಿಳುಪು, ಅರ್ಧದಲ್ಲಿ 50, ಮುಕ್ಕಾಲಿನಲ್ಲಿ 84. ಶುರುವಿನಲ್ಲಿ ನಿಧಾನ, ನಡುವೆ ಬಿರುಸು, ಕೊನೆಗೆ ಮತ್ತೆ ನಿಧಾನ. ತುದಿಗಳಲ್ಲಿ ಕಾಣುತ್ತಿದ್ದ ಗೆರೆ ಬಹುಪಾಲು ಕರಗಿಹೋಗುತ್ತದೆ. ಬಣ್ಣದ ಗ್ರೇಡಿಯಂಟಿಗೂ ಇದೇ ಉಪಾಯ: ನಡುವಿನ ಸ್ಟಾಪ್‌ನ ಎರಡೂ ಪಕ್ಕ ಅದಕ್ಕೆ ಹತ್ತಿರದ ಒಂದೊಂದು ಬಣ್ಣ ಇಟ್ಟರೆ ಸಾಕು.

ಚೆಂಡು ಬಿಡಿಸುವಾಗಲೂ ಈ ಬಾಗು ಬೇಕು. ವೃತ್ತಕ್ಕೆ ಸುಮ್ನೆ ಬಿಳಿಯಿಂದ ಕಪ್ಪಿಗೆ ರೇಡಿಯಲ್ ಗ್ರೇಡಿಯಂಟ್ ಹಾಕಿದರೆ ಚೆಂಡಿನ ಬದಲು ಮಂಜಿನಲ್ಲಿ ಉರಿಯುವ ದೀಪದಂತೆ ಕಾಣುತ್ತದೆ. ಕಾರಣವನ್ನು ಗಣಿತಜ್ಞ ಲ್ಯಾಂಬರ್ಟ್ 1760ರಲ್ಲೇ ಹೇಳಿದ್ದ. ಮೇಲ್ಮೈ ಬೆಳಕಿನ ಕಡೆಗೆ ನೇರ ತಿರುಗಿದ್ದಾಗ ಅದರ ಮೇಲೆ ಬೀಳುವ ಬೆಳಕು ಅತಿ ಹೆಚ್ಚು. ವಾಲಿದಂತೆ ಕೋನದ ಕೊಸೈನ್‌ಗೆ ತಕ್ಕಂತೆ ಇಳಿಯುತ್ತದೆ. ನಮ್ಮ ಕಡೆಯಿಂದಲೇ ಬೆಳಕು ಬೀಳುವ ಚೆಂಡಿನಲ್ಲಿ, ನಡುವಿನಿಂದ ಅಂಚಿಗೆ ಅರ್ಧ ದಾರಿ ಬಂದರೂ ಬೆಳಕು ಶೇ. 87 ಉಳಿದಿರುತ್ತದೆ. ಶೇ. 80 ದಾರಿಯಲ್ಲಿ 60. ಆಮೇಲೆ ದಬಕ್ಕನೆ ಬೀಳುತ್ತದೆ. ಬಿಳಿ ಚೆಂಡಿಗೆ ಪರದೆಯ ಸಂಖ್ಯೆಯಲ್ಲಿ ಹೇಳುವುದಾದರೆ ನಡುವೆ 255, ಅರ್ಧದಲ್ಲಿ ಸುಮಾರು 240, ಶೇ. 80ರಲ್ಲಿ ಸುಮಾರು 203. ಹೀಗೆ ಸ್ಟಾಪ್ ಇಟ್ಟರೆ ಚಪ್ಪಟೆ ವೃತ್ತ ಉಬ್ಬಿಕೊಂಡು ಎದ್ದುಬರುತ್ತದೆ. ಆ ಕ್ಷಣ ನನಗೆ ಇಂದಿಗೂ ಖುಷಿ ಕೊಡುತ್ತದೆ. ಇನ್ನು ಹೊಳಪಿನ ಜಾಗವನ್ನು ಸ್ವಲ್ಪ ಮೇಲಕ್ಕೆ ಸರಿಸಿ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಮಿದುಳು ನಂಬಿಕೊಂಡಿದೆ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಇಂಥ ಗ್ರೇಡಿಯಂಟ್ ತುಂಬಿದ ವೃತ್ತಗಳಿಂದಲೇ ಇದನ್ನು ತೋರಿಸಿದರು. ಮೇಲ್ಭಾಗ ತಿಳಿಯಾಗಿದ್ದರೆ ಉಬ್ಬು, ಅದೇ ವೃತ್ತವನ್ನು ತಲೆಕೆಳಗು ಮಾಡಿದರೆ ಗುಳಿ.

ಮುಖ, ಎಲೆ, ಬಟ್ಟೆಯ ಮಡಿಕೆಯಂಥವಕ್ಕೆ ಲೀನಿಯರ್, ರೇಡಿಯಲ್ ಎರಡೂ ಸಾಲವು. ಅದಕ್ಕೆ ಮೆಶ್ ಇದೆ. ಬಲೆಯ ಒಂದೊಂದು ಗಂಟಿಗೂ ಒಂದೊಂದು ಬಣ್ಣ. 1998ರ ಇಲ್ಲಸ್ಟ್ರೇಟರ್ 8ರಲ್ಲಿ ಬಂತು, 2017ರಲ್ಲಿ ಇಂಕ್‌ಸ್ಕೇಪ್‌ಗೂ ಸೇರಿತು. ಗಂಟು ಜಾಸ್ತಿ ಮಾಡಿದಷ್ಟೂ ಹಿಡಿತ ತಪ್ಪುತ್ತದೆ, ಆದಷ್ಟು ಕಡಿಮೆ ಇಡಿ.

ಮಾಯವಾಗುವ ಗ್ರೇಡಿಯಂಟಿಗೆ ಒಂದು ಎಚ್ಚರಿಕೆ. ಕೆಂಪಿನಿಂದ ಪೂರ್ತಿ ಪಾರದರ್ಶಕಕ್ಕೆ ಹೋಗುವಾಗ ಅಂಚಿನಲ್ಲಿ ಕೊಳೆ ಕಂಡರೆ, ಕಾಣದ ಆ ತುದಿಯಲ್ಲಿ ಯಾವ ಬಣ್ಣವಿದೆ ನೋಡಿ. ಎಷ್ಟೋ ಸಲ ಅಲ್ಲಿ ಕಪ್ಪು ಅಡಗಿರುತ್ತದೆ. ಎರಡೂ ತುದಿಗೆ ಅದೇ ಕೆಂಪು ಕೊಟ್ಟು, ಪಾರದರ್ಶಕತೆ ಮಾತ್ರ ಬದಲಿಸಿ.

ಇನ್ನು ಪಟ್ಟೆಗಳ ಕಾಟ. ಒಮ್ಮೆ ಒಂದು ಪೋಸ್ಟರಿಗೆ ರಾತ್ರಿಯ ಆಕಾಶ ಬಿಡಿಸಿದ್ದೆ. ಮುದ್ರಣವಾಗಿ ಬಂದಾಗ ಆಕಾಶದ ತುಂಬ ಮೆಟ್ಟಿಲು. ತುಂಬ ಬೇಸರವಾಯಿತು. ಆಮೇಲೆ ಲೆಕ್ಕ ಹಾಕಿದೆ. ಬೂದಿನ ಮಟ್ಟ 100ರಿಂದ 120ಕ್ಕೆ ಹೋಗುವ ಗ್ರೇಡಿಯಂಟಿನಲ್ಲಿ ಇರುವುದೇ 20 ಹೆಜ್ಜೆ. ಅದನ್ನು 2000 ಪಿಕ್ಸೆಲ್ ಅಗಲಕ್ಕೆ ಹರಡಿದರೆ ಪ್ರತಿ ಪಟ್ಟೆಯೂ 100 ಪಿಕ್ಸೆಲ್. ಪಟ್ಟೆಯ ಅಂಚನ್ನು ಮಾಕ್ ಹೇಳಿದ ಅದುಮಾಟ ಇನ್ನಷ್ಟು ಎತ್ತಿ ತೋರಿಸುತ್ತದೆ. ಮುದ್ರಣದಲ್ಲಿ ಇನ್ನೊಂದು ಮಿತಿಯೂ ಇದೆ. ಅಂಗುಲಕ್ಕೆ 2400 ಚುಕ್ಕೆ ಹಾಕುವ ಯಂತ್ರ 150 ಗೆರೆಯ ಸ್ಕ್ರೀನಿನಲ್ಲಿ, ಅಂದರೆ ಅಂಗುಲಕ್ಕೆ 150 ಮನೆಗಳ ಜಾಲರಿಯಲ್ಲಿ, ಮುದ್ರಿಸಿದರೆ ಒಂದೊಂದು ಮನೆಗೆ 16 ಉದ್ದ, 16 ಅಗಲ, ಒಟ್ಟು 256 ಚುಕ್ಕೆ ಸಿಗುತ್ತವೆ. ಅಷ್ಟೇ ಮಟ್ಟದ ಬೂದು. 600 ಚುಕ್ಕೆಯ ಯಂತ್ರಕ್ಕೆ ಅದೇ ಸ್ಕ್ರೀನಿನಲ್ಲಿ ಸಿಗುವುದು ಬರೀ 16.

ಇದಕ್ಕೆ ಪರಿಹಾರ ವಿಚಿತ್ರವೆನಿಸಬಹುದು: ಗ್ರೇಡಿಯಂಟ್ ಮೇಲೆ ಸಣ್ಣ ಕಾಳುಕಾಳು ಉದುರಿಸುವುದು. ಎಂಜಿನಿಯರ್ ಲಾರೆನ್ಸ್ ರಾಬರ್ಟ್ಸ್ 1962ರಲ್ಲಿ ಟೀವಿ ಚಿತ್ರಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಕಾಳು ಸೇರಿದಾಗ ಪಟ್ಟೆಯ ಅಂಚು ಚದುರಿಹೋಗುತ್ತದೆ, ಕಣ್ಣಿಗೆ ಹಿಡಿದುಕೊಳ್ಳಲು ಗೆರೆ ಸಿಗುವುದಿಲ್ಲ. ವೆಕ್ಟರ್ ಚಿತ್ರದಲ್ಲಿ ಗ್ರೇನ್ ಎಫೆಕ್ಟ್ ಅಥವಾ ಎಸ್‌ವಿಜಿಯ ಫಿಲ್ಟರ್ ಬಳಸಿ ಹೀಗೆ ಮಾಡಬಹುದು. ಕಂಡೂ ಕಾಣದಷ್ಟು ಇದ್ದರೆ ಸಾಕು.

ಮೊದಲಿನ ನೀಲಿ-ಹಳದಿ ಆಯತ ಇನ್ನೂ ತೆರೆದೇ ಇದೆಯಾ? ಅದರದೇ ಒಂದು ನಕಲನ್ನು ಕೆಳಗಿಟ್ಟು ಪೂರ್ತಿ ಬೂದು ಮಾಡಿ. ನೀಲಿ ಕಡೆ ಗಾಢ, ಹಳದಿ ಕಡೆ ತಿಳಿ. ಮೇಲಿನದರ ನಡುವೆ ಒಂದು ಹಸಿರು ಸ್ಟಾಪ್ ಇಟ್ಟು, ಅದರ ಬೂದು ಪ್ರತಿಯಲ್ಲೂ ಬೆಳಕು ಎಲ್ಲೂ ಎಗರದೆ, ಎಲ್ಲೂ ಕುಸಿಯದೆ ಏರುವವರೆಗೆ ಆ ಹಸಿರನ್ನು ತುಸು ತಿಳಿ ಮಾಡಿ, ತುಸು ಗಾಢ ಮಾಡಿ, ಅತ್ತಿತ್ತ ಜರುಗಿಸಿ ನೋಡಿ. ನನಗೆ ಸಾಮಾನ್ಯವಾಗಿ ಹತ್ತು ನಿಮಿಷ ಹಿಡಿಯುತ್ತದೆ.